ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಗಾಲ್ಫ್ ಮತ್ತು ನನ್ನ ಕೀಲುಗಳು

ನನಗೀಗ 68 ವರ್ಷ. ಬಲಗೈ ಆಟ. ಗಾಲ್ಫ್ ಬಿಡುವ ಯೋಚನೆ ಸದ್ಯಕ್ಕಂತೂ ಇಲ್ಲ. ನೋವಿರುವುದು ಮೂರು ಕಡೆ: ಸೊಂಟದ ಬಲಭಾಗ, ಎಡ ಹೆಬ್ಬೆರಳಿನ ಬುಡ, ಎಡ ಮಂಡಿ. ಚಳಿ ಇದ್ದ ದಿನ ಎಡ ಮೊಣಕೈ ಕೂಡ ಸೇರಿಕೊಳ್ಳುತ್ತದೆ. ನನ್ನ ವಯಸ್ಸಿನ ಯಾರನ್ನು ಕೇಳಿದರೂ ಹೆಚ್ಚುಕಮ್ಮಿ ಇದೇ ಜಾಗಗಳನ್ನು ತೋರಿಸುತ್ತಾರೆ.

ಈ ನೋವುಗಳ ಜೊತೆಗೇ ಆಡುತ್ತಾ ನಾನು ಗಟ್ಟಿಯಾಗಿ ನಂಬಿಕೊಂಡ ಮಾತು ಒಂದಿದೆ. ನೋಯುವ ಜಾಗ ಒಂದು, ಕಾರಣ ಇರುವ ಜಾಗ ಇನ್ನೊಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಸೊಂಟ ಹಿಡಿಯಿತು ಅಂತ ಸೊಂಟಕ್ಕೇ ಮುಲಾಮು, ಸೊಂಟಕ್ಕೇ ಬೆಲ್ಟು, ಸೊಂಟಕ್ಕೇ ಬಿಸಿನೀರಿನ ಚೀಲ. ಪಾಪ, ಸೊಂಟದ್ದು ಅಷ್ಟರಲ್ಲಿ ತಪ್ಪೇ ಇರುವುದಿಲ್ಲ.

ಸೊಂಟದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಹವ್ಯಾಸಕ್ಕೆ ಗಾಲ್ಫ್ ಆಡುವವರನ್ನು ಅತಿ ಹೆಚ್ಚು ಕಾಡುವುದು ಅದೇ.

ಬೆನ್ನುಮೂಳೆಯ ಕೆಳಭಾಗದಲ್ಲಿ, ಅಂದರೆ ಸೊಂಟದಲ್ಲಿ, ಐದು ಮೂಳೆಗಳಿವೆ. ಮುಂದೆ ಬಗ್ಗಲು, ಹಿಂದೆ ಬಾಗಲು ಅವು ಚೆನ್ನಾಗಿ ಒಗ್ಗುತ್ತವೆ. ಪಕ್ಕಕ್ಕೆ ತಿರುಗುವುದು ಅವುಗಳ ಕೆಲಸವೇ ಅಲ್ಲ. ಐದೂ ಸೇರಿ ಒಂದು ಬದಿಗೆ 10ರಿಂದ 15 ಡಿಗ್ರಿ ತಿರುಗಿದರೆ ಹೆಚ್ಚು. ಆದರೆ ಪೂರ್ತಿ ಬ್ಯಾಕ್‌ಸ್ವಿಂಗ್‌ನಲ್ಲಿ, ಅಂದರೆ ಹೊಡೆಯುವ ಮುಂಚೆ ಕ್ಲಬ್ಬನ್ನು (ಗಾಲ್ಫ್ ಕೋಲನ್ನು) ಹಿಂದಕ್ಕೆ ಎತ್ತುವಾಗ, ಭುಜಗಳು 90 ಡಿಗ್ರಿ ಹತ್ತಿರ ತಿರುಗಬೇಕು. ಉಳಿದದ್ದು ಎಲ್ಲಿಂದ ಬರಬೇಕು? ಮೇಲ್ಬೆನ್ನಿನಿಂದ, ಮತ್ತು ಹಿಪ್ ಜಾಯಿಂಟ್‌ನಿಂದ. ಹಿಪ್ ಜಾಯಿಂಟ್ ಅಂದರೆ ತೊಡೆಯ ಮೂಳೆ ಬಂದು ಕೂರುವ ಕೀಲು. ವಯಸ್ಸಾದಂತೆ ಮೊದಲು ಬಿಗಿಯುವುದು ಇವೇ ಎರಡು ಜಾಗ. ಅವು ತಿರುಗದಿದ್ದರೆ ನಾವೇನು ಸ್ವಿಂಗ್ ನಿಲ್ಲಿಸುತ್ತೇವಾ? ಇಲ್ಲ. ಆ ಬಾಕಿಯನ್ನೆಲ್ಲ ಸೊಂಟದಿಂದ ವಸೂಲಿ ಮಾಡುತ್ತೇವೆ. ಅದೂ ಸಣ್ಣ ಭಾರವಲ್ಲ. ಒಂದು ಸ್ವಿಂಗ್‌ನಲ್ಲಿ ಸೊಂಟದ ಮೇಲೆ ದೇಹದ ತೂಕದ ಸುಮಾರು 8 ಪಟ್ಟು ಒತ್ತಡ ಬೀಳುತ್ತದೆ ಅಂತ ಅಳೆದು ತೋರಿಸಿದ್ದಾರೆ. ಬಲಗೈ ಆಟಗಾರ ಚೆಂಡು ಹೊಡೆಯುವ ಹೊತ್ತಿಗೆ ದೇಹ ಬಲಕ್ಕೆ ವಾಲಿಕೊಂಡೇ ಎಡಕ್ಕೆ ತಿರುಗುತ್ತಿರುತ್ತದೆ. ನಮಗೆ ಬಲಭಾಗವೇ ಹೆಚ್ಚಾಗಿ ಹಿಡಿಯುವುದು ಇದಕ್ಕೇ.

ನನ್ನ ಫಿಸಿಯೋ ಮೊದಲ ದಿನ ಸೊಂಟವನ್ನು ಮುಟ್ಟಿ ನೋಡಿದ್ದು ಕಡಿಮೆ. ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮಂಡಿ ಅಲುಗದಂತೆ ಹಿಡಿದು, ಪಾದವನ್ನು ಹೊರಗಡೆಗೆ ಎತ್ತಿ ಅಂದರು. ಬಲಪಾದ ಪರವಾಗಿಲ್ಲ ಅನ್ನುವಷ್ಟು ಹೋಯಿತು. ಎಡಪಾದ ಶುರುವಾದಲ್ಲೇ ನಿಂತಿತು. "ನಿಮ್ಮ ಸೊಂಟ ನೋವಿನ ಕಾರಣ ಇಲ್ಲಿದೆ ನೋಡಿ" ಅಂದರು. ಚೆಂಡು ಹೊಡೆದ ಮೇಲೆ ದೇಹವೆಲ್ಲ ಎಡ ಹಿಪ್ ಮೇಲೆ ತಿರುಗಬೇಕು. ಆ ಕೀಲು ಒಳಮುಖವಾಗಿ ತಿರುಗಲು (ಕೂತು ಪಾದ ಹೊರಗೆ ಎತ್ತಿದಾಗ ತೊಡೆ ಒಳಕ್ಕೇ ತಿರುಗುತ್ತದೆ) ಒಪ್ಪದಿದ್ದರೆ ಮೇಲೆ ಸೊಂಟ ತಿರುಚುತ್ತದೆ, ಕೆಳಗೆ ಮಂಡಿ ತಿರುಚುತ್ತದೆ. ನನ್ನ ಎರಡು ನೋವುಗಳಿಗೂ ಬೇರು ಒಂದೇ ಅಂತ ಆಗ ಅರ್ಥವಾಯಿತು. ಈ ಪರೀಕ್ಷೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಎರಡೂ ಕಾಲುಗಳ ನಡುವೆ ಎಷ್ಟು ವ್ಯತ್ಯಾಸ ಇದೆ ಅನ್ನುವುದೇ ಮುಖ್ಯ.

ಅಲ್ಲಿಂದ ನಾನು ಮಾಡಿಕೊಂಡ ಬದಲಾವಣೆಗಳು ಸುಲಭದವು. ನಿಂತಾಗ ಎಡಪಾದದ ಬೆರಳುಗಳನ್ನು ಗುರಿಯ ಕಡೆಗೆ ಸುಮಾರು 30 ಡಿಗ್ರಿ ತೆರೆದಿಡುತ್ತೇನೆ. ಆಗ ಕೀಲು ತಿರುಗಬೇಕಾದ ದೂರವೇ ಕಡಿಮೆಯಾಗುತ್ತದೆ. ಬಲಪಾದವನ್ನೂ ಒಂಚೂರು ತೆರೆಯುತ್ತೇನೆ. ಬ್ಯಾಕ್‌ಸ್ವಿಂಗ್‌ನಲ್ಲಿ ಎಡ ಹಿಮ್ಮಡಿ ತಾನಾಗಿ ಮೇಲೇಳಲು ಬಿಡುತ್ತೇನೆ. ಹಿಮ್ಮಡಿ ನೆಲಕ್ಕೆ ಅಂಟಿರಬೇಕು, ಕೆಳಭಾಗ ಅಲುಗದೆ ಭುಜ ಮಾತ್ರ ತಿರುಗಬೇಕು ಅನ್ನುವುದು ಎಳೆಯರ ಸ್ವಿಂಗ್. ಅವರಿಗೆ ಅದರಿಂದ ವೇಗ ಸಿಗುತ್ತದೆ, ಸರಿ. ನಮ್ಮ ವಯಸ್ಸಿನಲ್ಲಿ ಅದು ಬೇಡ ಅಂತ ನಾನು ಖಡಾಖಂಡಿತ ಹೇಳುತ್ತೇನೆ. ಅಮೆರಿಕದ ದೊಡ್ಡ ಗಾಲ್ಫ್ ಆಟಗಾರ ಜ್ಯಾಕ್ ನಿಕ್ಲಾಸ್ ಹಿಮ್ಮಡಿ ಎತ್ತಿಯೇ ಆಡಿದವರು. 1986ರಲ್ಲಿ 46ನೇ ವಯಸ್ಸಿನಲ್ಲಿ ಮಾಸ್ಟರ್ಸ್ ಅನ್ನುವ ದೊಡ್ಡ ಪಂದ್ಯಾವಳಿ ಗೆದ್ದರು. ಹಳೆಯ ಶೈಲಿ ಅಂತ ಯಾರಾದರೂ ಅಂದರೆ ಅವರ ಸ್ವಿಂಗ್‌ನ ವಿಡಿಯೋ ತೋರಿಸಿ.

ಹಿಪ್ ಪೂರ್ತಿ ಸವೆದವರ ಮಾತೇ ಬೇರೆ. ಅಂಥವರಿಗೆ ನಾನು ಅಮೆರಿಕದ ಗಾಲ್ಫ್ ಆಟಗಾರ ಟಾಮ್ ವಾಟ್ಸನ್ ಹೆಸರು ಹೇಳುತ್ತೇನೆ. 2008ರ ಅಕ್ಟೋಬರ್‌ನಲ್ಲಿ ಅವರ ಹಿಪ್ ಬದಲಿಸಿದರು. ಮುಂದಿನ ಜುಲೈನಲ್ಲಿ ಸ್ಕಾಟ್ಲೆಂಡಿನ ಟರ್ನ್‌ಬೆರಿಯಲ್ಲಿ ನಡೆದ ಬ್ರಿಟಿಷ್ ಓಪನ್ ಪಂದ್ಯಾವಳಿಯಲ್ಲಿ, 59ನೇ ವಯಸ್ಸಿನಲ್ಲಿ, ಕೊನೆಯ ಹೋಲ್‌ನಲ್ಲಿ ಒಂದು ಪಟ್ (ಚೆಂಡನ್ನು ಗುಳಿಗೆ ಉರುಳಿಸುವ ಹೊಡೆತ) ಹಾಕಿದ್ದರೆ ಗೆದ್ದೇಬಿಡುತ್ತಿದ್ದರು. ಸ್ಕೋರ್ ಸಮವಾಗಿ ಆಡಿದ ಪ್ಲೇಆಫ್‌ನಲ್ಲಿ ಸ್ಟೀವರ್ಟ್ ಸಿಂಕ್ ಗೆದ್ದರು. ಆ ದಿನ ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ನನ್ನ ಜೊತೆ ಆಡುವ ಹಿರಿಯರೊಬ್ಬರು ಆಪರೇಷನ್‌ಗೆ ಹೆದರಿ ಮುಂದೂಡುತ್ತಲೇ ಇದ್ದರು. "ಸರ್, ವಾಟ್ಸನ್ ಅವರನ್ನು ನೆನೆಸಿಕೊಳ್ಳಿ" ಅಂತ ಎಷ್ಟೋ ಸಲ ಹೇಳಿದ್ದೇನೆ. ಈಗ ಅವರು ಹೊಸ ಹಿಪ್ ಇಟ್ಟುಕೊಂಡು ನನಗಿಂತ ಚುರುಕಾಗಿ ಗುಡ್ಡ ಹತ್ತುತ್ತಾರೆ.

ವ್ಯಾಯಾಮದಲ್ಲಿ ನಾನು ಬಿಡದೆ ಮಾಡುವುದು ಎರಡು. ನೆಲದಲ್ಲಿ ಕೂತು ಒಂದು ಕಾಲನ್ನು ಮುಂದೆ, ಇನ್ನೊಂದನ್ನು ಪಕ್ಕಕ್ಕೆ ಮಡಚಿ, ಎರಡೂ ಮಂಡಿಗಳನ್ನು ನಿಧಾನವಾಗಿ ಆಚೆಯಿಂದ ಈಚೆಗೆ ತಿರುಗಿಸುವುದು ಒಂದು. ಪಕ್ಕಕ್ಕೆ ಮಲಗಿ, ಮಂಡಿ ಮಡಚಿಟ್ಟು, ಮೇಲಿನ ಕೈಯನ್ನು ಹಿಂದಕ್ಕೆ ಚಾಚಿ ಎದೆ ತೆರೆಯುವುದು ಇನ್ನೊಂದು. ಮೊದಲನೆಯದು ಹಿಪ್‌ಗೆ, ಎರಡನೆಯದು ಮೇಲ್ಬೆನ್ನಿಗೆ. ಸೊಂಟಕ್ಕೆ ಅಂತ ಬೇರೆ ಏನನ್ನೂ ಮಾಡುವುದಿಲ್ಲ.

ಬೆಳಗಿನ ಆಟದ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳು ರಾತ್ರಿ ಮಲಗಿದಾಗ ನೀರು ಹೀರಿ ಉಬ್ಬಿಕೊಳ್ಳುತ್ತವೆ. ಎದ್ದ ಮೇಲೆ ಮೊದಲ ಒಂದು ಗಂಟೆ ಬಗ್ಗಿದರೆ ಅವುಗಳ ಮೇಲೆ ಬೀಳುವ ಒತ್ತಡ ದಿನದ ಬೇರೆ ಹೊತ್ತಿಗಿಂತ ಹೆಚ್ಚು. ಹಾಸಿಗೆಯಿಂದ ಎದ್ದು, ಕಾರಿನಲ್ಲಿ ಮುದುಡಿ ಕೂತು ಬಂದು, ಇಳಿದ ತಕ್ಷಣ ಡ್ರೈವರ್ (ಅತಿ ದೂರ ಹೊಡೆಯುವ ಉದ್ದ ಕ್ಲಬ್) ಹಿಡಿಯುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಬೆಳಗಿನ ಟೀ ಟೈಮ್ (ಆಟ ಶುರು ಮಾಡುವ ಹೊತ್ತು) ಇದ್ದರೆ ಅದಕ್ಕೆ ಎರಡು ಗಂಟೆ ಮೊದಲೇ ಎದ್ದು ಮನೆಯೊಳಗೇ ಓಡಾಡಿಕೊಂಡಿರುತ್ತೇನೆ. ಕೋರ್ಸ್ ತಲುಪಿದ ಮೇಲೆ ಬಿರುಸಾಗಿ ನಡೆಯುತ್ತೇನೆ. ಕ್ಲಬ್ ಊರಿಕೊಂಡು ಒಂದೊಂದು ಕಾಲನ್ನೂ ಹಿಂದೆ ಮುಂದೆ ಬೀಸುತ್ತೇನೆ. ಆಮೇಲೆ ವೆಜ್ ಅನ್ನುವ, ಹತ್ತಿರದ ಹೊಡೆತಗಳ ಕ್ಲಬ್‌ನಿಂದ ಅರ್ಧ ಸ್ವಿಂಗ್. ಡ್ರೈವರ್ ಕೊನೆಗೆ. ಮೈ ಬಿಸಿಯಾಗದೆ ನಿಂತಲ್ಲೇ ಸ್ನಾಯುಗಳನ್ನು ಎಳೆದು ಹಿಡಿಯುವ ಸ್ಟ್ರೆಚಿಂಗ್ ಆಟಕ್ಕೆ ಮುಂಚೆ ಬೇಡ. ಅದೇನಿದ್ದರೂ ಆಟ ಮುಗಿದ ಮೇಲೆ.

ಇನ್ನು ಕೈ. ಹೆಬ್ಬೆರಳಿನ ಬುಡದ ಕೀಲು ಸವೆಯುವುದು ವಯಸ್ಸಾದವರಲ್ಲಿ ತುಂಬ ಸಾಮಾನ್ಯ. ಇಲ್ಲಿ ನೋವನ್ನು ಹೆಚ್ಚಿಸುವುದು ಸವೆತಕ್ಕಿಂತ ನಮ್ಮ ಹಿಡಿತ. ತೆಳ್ಳಗಿನ, ಗಟ್ಟಿಯಾದ ಗ್ರಿಪ್ (ಕ್ಲಬ್‌ನ ಹಿಡಿಕೆಯ ಹೊದಿಕೆ) ಇದ್ದರೆ ಕ್ಲಬ್ ಜಾರದಿರಲು ಹಿಂಡಿ ಹಿಡಿಯಬೇಕಾಗುತ್ತದೆ. ದಪ್ಪ, ಮೆತ್ತನೆಯ ಗ್ರಿಪ್ ಹಾಕಿಸಿದೆ. ಹಿಂಡುವುದು ತಾನಾಗಿ ನಿಂತಿತು. ಹಳೆಯ ಗ್ರಿಪ್ ನುಣುಪಾದರೂ ಇದೇ ತೊಂದರೆ. ಅದಕ್ಕೇ ಸವೆಯುವ ಮೊದಲೇ ಬದಲಿಸುತ್ತೇನೆ. ಬೆರಳುಗಳನ್ನು ಹೆಣೆದು ಹಿಡಿಯುವುದನ್ನು ಬಿಟ್ಟು ಹತ್ತೂ ಬೆರಳು ಗ್ರಿಪ್ ಮೇಲೆ ಬರುವ ಹಾಗೆ ಹಿಡಿಯುತ್ತೇನೆ. ಐರನ್‌ಗಳಿಗೆ (ಲೋಹದ ಚಪ್ಪಟೆ ತಲೆಯ ಕ್ಲಬ್‌ಗಳಿಗೆ) ಉಕ್ಕಿನ ಬದಲು ಗ್ರಾಫೈಟ್ ಶಾಫ್ಟ್, ಅಂದರೆ ಕೋಲಿನ ಭಾಗ. ಚೆಂಡು ಸರಿಯಾಗಿ ತಾಗದಿದ್ದಾಗ ಜುಮ್ಮೆಂದು ಕೈಗೆ ಬರುವ ಅದುರು ಗ್ರಾಫೈಟ್‌ನಲ್ಲಿ ಕಡಿಮೆ. ಇಷ್ಟೆಲ್ಲದರಲ್ಲಿ ಒಂದನ್ನೇ ಆರಿಸಿಕೊಳ್ಳಿ ಅಂದರೆ ದಪ್ಪ ಗ್ರಿಪ್ ಅನ್ನುತ್ತೇನೆ. ಖರ್ಚೂ ಕಡಿಮೆ.

ಮೊಣಕೈ ನೋವಿನವರು ಪ್ರಾಕ್ಟೀಸ್ ರೇಂಜ್‌ನ ಮ್ಯಾಟ್ ಮೇಲೆ ಕಣ್ಣಿಡಬೇಕು. ಹುಲ್ಲಿನ ಮೇಲೆ ಕ್ಲಬ್ ನೆಲಕ್ಕೆ ತಾಗಿದರೆ ಮಣ್ಣು ಜಾಗ ಬಿಡುತ್ತದೆ. ಮ್ಯಾಟ್ ಕೆಳಗೆ ಸಿಮೆಂಟ್ ಇದ್ದರೆ ಆ ಪೆಟ್ಟೆಲ್ಲ ಮಣಿಕಟ್ಟು ಮತ್ತು ಮೊಣಕೈಗೇ ಬರುತ್ತದೆ. ಮ್ಯಾಟ್ ಬಿಟ್ಟು ಬೇರೆ ದಾರಿ ಇಲ್ಲದಿದ್ದರೆ ಚೆಂಡನ್ನು ಟೀ (ಚೆಂಡು ಎತ್ತರಿಸಿಡುವ ಸಣ್ಣ ಗೂಟ) ಮೇಲಿಟ್ಟು ಹೊಡೆಯಿರಿ, ಒಂದು ಬುಟ್ಟಿಯನ್ನೂ ಖಾಲಿ ಮಾಡಬೇಕಿಲ್ಲ. ಇನ್ನೊಂದು ವಿಷಯ. ಮೊಣಕೈಯಲ್ಲಿ ನೋಯುವುದು ಹೆಚ್ಚಾಗಿ ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್. ಅದಕ್ಕೆ ಪೂರ್ತಿ ವಿಶ್ರಾಂತಿ ಕೊಟ್ಟರೆ ನೋವು ಇಳಿಯುತ್ತದೆ, ಆದರೆ ಶಕ್ತಿಯೂ ಇಳಿಯುತ್ತದೆ. ಮತ್ತೆ ಆಡಿದ ದಿನವೇ ನೋವು ಹಾಜರ್. ಸಣ್ಣ ತೂಕವೊಂದನ್ನು ಹಿಡಿದು ಮುಂಗೈಯನ್ನು ಮೇಜಿನ ಮೇಲಿಟ್ಟು, ಮಣಿಕಟ್ಟನ್ನು ಬಹಳ ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮ ನನಗೆ ಕೆಲಸ ಮಾಡಿತು. ವಾರಗಳು ಬೇಕು. ತಾಳ್ಮೆ ಇರಲಿ.

ಮಂಡಿಯ ಅರ್ಧ ಕಥೆ ಆಗಲೇ ಹೇಳಿದೆ. ಉಳಿದರ್ಧ ನಡಿಗೆ. 18 ಹೋಲ್ ನಡೆದರೆ 8ರಿಂದ 10 ಕಿಲೋಮೀಟರ್ ಆಗುತ್ತದೆ. ಏರಿಗಿಂತ ಇಳಿಜಾರೇ ಮಂಡಿಗೆ ಕಷ್ಟ. ನೇರ ಇಳಿಯದೆ ಓರೆಯಾಗಿ ಇಳಿಯುತ್ತೇನೆ. ಬ್ಯಾಗ್ ಹೊರುವುದನ್ನು ಬಿಟ್ಟು ಟ್ರಾಲಿ ತಗೊಂಡೆ. ಅದನ್ನು ಹಿಂದೆ ಎಳೆಯುವುದಲ್ಲ, ಮುಂದೆ ತಳ್ಳುವುದು. ಒಂದೇ ಕೈಯಲ್ಲಿ ಎಳೆದರೆ ಭುಜ ಮತ್ತು ಬೆನ್ನು ಅಷ್ಟು ಹೊತ್ತೂ ತಿರುಚಿಕೊಂಡೇ ಇರುತ್ತವೆ. 14 ಕ್ಲಬ್ ಇಡಬಹುದು ಅನ್ನುವುದು ಮಿತಿ, ಕಡ್ಡಾಯ ಅಲ್ಲ. ನಾನು ಉದ್ದ ಐರನ್‌ಗಳನ್ನು ತೆಗೆದು ಅವುಗಳ ಜಾಗಕ್ಕೆ ಹೊಡೆಯಲು ಸುಲಭವಾದ ಹೈಬ್ರಿಡ್ ಕ್ಲಬ್ ಇಟ್ಟುಕೊಂಡಿದ್ದೇನೆ.

ಬಗ್ಗುವ ಲೆಕ್ಕವನ್ನು ಯಾರೂ ಇಡುವುದಿಲ್ಲ. ಪ್ರತಿ ಹೋಲ್‌ನಲ್ಲೂ ಟೀ ನೆಡಲು, ಟೀ ಕೀಳಲು, ಗುರುತು ಇಡಲು, ಚೆಂಡು ತೆಗೆಯಲು ಬಗ್ಗುತ್ತೇವೆ. ಪಟರ್ ಊರಿಕೊಂಡು, ಒಂದು ಕಾಲನ್ನು ಹಿಂದಕ್ಕೆ ಎತ್ತಿ, ಬೆನ್ನು ನೇರ ಇಟ್ಟು ಬಗ್ಗಿದರೆ ಸೊಂಟಕ್ಕೆ ಆರಾಮ. ಪಟರ್ ತುದಿಗೆ ಚೆಂಡು ಹಿಡಿಯುವ ರಬ್ಬರ್ ಬಟ್ಟಲು ಸಿಗುತ್ತದೆ, ಅದನ್ನೂ ಹಾಕಿಸಿದ್ದೇನೆ. 2019ರಿಂದ ಬಾವುಟದ ಕೋಲನ್ನು ತೆಗೆಯದೆಯೂ ಪಟ್ ಮಾಡಬಹುದು. ಕೋಲನ್ನು ಮಲಗಿಸಿ ಮತ್ತೆ ಎತ್ತುವ ಕೆಲಸ ಉಳಿಯಿತು. ಬಗ್ಗಿ ಪಟ್ ಮಾಡುವುದೇ ಕಷ್ಟ ಅನ್ನುವವರು ಉದ್ದದ ಪಟರ್ ನೋಡಿ. 2016ರಿಂದ ಅದನ್ನು ಮೈಗೆ ಆನಿಸಿ ಹೊಡೆಯುವಂತಿಲ್ಲ, ಅಷ್ಟೇ. ಪಟರ್‌ಗೆ ನಿಷೇಧವಿಲ್ಲ.

ಮುಂದಿನ ಟೀಗಳಿಂದ, ಅಂದರೆ ಗುಳಿಗೆ ಹತ್ತಿರವಿರುವ ಆರಂಭದ ಜಾಗಗಳಿಂದ, ಆಡುವ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ದೂರ ಹೋಗಬೇಕು ಅಂತ ಮೈಯೆಲ್ಲ ಬಿಗಿದು ಬೀಸುವ ಸ್ವಿಂಗ್‌ಗಳೇ ಮರುದಿನ ನೋಯುವುದು. ಮುಂದಿನ ಟೀಯಿಂದ ಆಡಿದರೆ ಅಂಥ ಸ್ವಿಂಗ್‌ಗಳ ಅಗತ್ಯವೇ ಬರುವುದಿಲ್ಲ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟಕ್ಕೆ ತಕ್ಕಂತೆ ಸಿಗುವ ಹೊಡೆತಗಳ ರಿಯಾಯಿತಿ) ಪದ್ಧತಿಯಲ್ಲಿ ಯಾವ ಟೀಯಿಂದ ಆಡುತ್ತೀರೋ ಆ ಟೀಯ ಕಷ್ಟದ ರೇಟಿಂಗ್‌ಗೆ ತಕ್ಕಂತೆ ಹ್ಯಾಂಡಿಕ್ಯಾಪ್ ಸರಿಹೊಂದುತ್ತದೆ. ಬರೀ 9 ಹೋಲ್‌ನ ಸ್ಕೋರ್ ಕೂಡ ಲೆಕ್ಕಕ್ಕೆ ಬರುತ್ತದೆ. ಮೈ ಭಾರ ಅನ್ನಿಸಿದ ದಿನ ನಾನು 9ಕ್ಕೇ ನಿಲ್ಲಿಸುತ್ತೇನೆ.

ಎಷ್ಟು ನೋವಿದ್ದರೆ ಆಡಬಹುದು? ನನ್ನ ಅಳತೆ ಹೀಗಿದೆ. ಹತ್ತರಲ್ಲಿ ಮೂರರಷ್ಟು ನೋವು, ಆಡುತ್ತಾ ಆಡುತ್ತಾ ಕಡಿಮೆಯಾದರೆ ಆಡುತ್ತೇನೆ. ಹೋಲ್‌ನಿಂದ ಹೋಲ್‌ಗೆ ಏರುತ್ತಾ ಹೋದರೆ ನಿಲ್ಲಿಸುತ್ತೇನೆ. ಮರುದಿನ ಬೆಳಿಗ್ಗೆ ಎಂದಿಗಿಂತ ಹೆಚ್ಚು ನೋವಿದ್ದರೆ ಹಿಂದಿನ ದಿನದ ಆಟ ಜಾಸ್ತಿಯಾಯಿತು ಅಂತ ಅರ್ಥ, ಮುಂದಿನ ಸಲ ಕಡಿಮೆ. ಈ ಲೆಕ್ಕ ಸಿಗಬೇಕಾದರೆ ನೋವು ಇದ್ದಂತೆಯೇ ತಿಳಿಯಬೇಕು ಅಲ್ವಾ? ಅದಕ್ಕೇ ಆಟಕ್ಕೆ ಮುಂಚೆ ನೋವಿನ ಮಾತ್ರೆ ನುಂಗುವುದನ್ನು ನಾನು ಒಪ್ಪುವುದಿಲ್ಲ. ಐಬುಪ್ರೊಫೆನ್‌ನಂಥ ಮಾತ್ರೆಗಳು ನಮ್ಮ ವಯಸ್ಸಿನಲ್ಲಿ ಹೊಟ್ಟೆಗೆ, ಮೂತ್ರಪಿಂಡಕ್ಕೆ, ಬಿ.ಪಿ.ಗೆ ತೊಂದರೆ ಕೊಡುತ್ತವೆ. ಬಿಸಿಲಲ್ಲಿ ಬೆವರಿ ನೀರು ಕಡಿಮೆಯಾದರೆ ಮೂತ್ರಪಿಂಡಕ್ಕೆ ಇನ್ನೂ ಕಷ್ಟ. ಬಿ.ಪಿ. ಮಾತ್ರೆ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಮಂಡಿಗೆ, ಬೆರಳಿಗೆ ಹಚ್ಚುವ ಡೈಕ್ಲೊಫೆನಾಕ್ ಜೆಲ್‌ನಲ್ಲಿ ಅಪಾಯ ಕಡಿಮೆ. ಆದರೂ ಅಂಥ ಮಾತ್ರೆ ಇದ್ದವರು ಅದಕ್ಕೂ ಒಂದು ಮಾತು ಕೇಳಿಬಿಡಿ.

ಕೆಲವು ನೋವುಗಳಿಗೆ ಈ ಅಳತೆಯೇ ಬೇಡ. ಸೊಂಟದ ನೋವು ಕಾಲಿಗೆ ಇಳಿದು ಪಾದ ಜೋಮು ಹಿಡಿದರೆ, ಕಾಲಲ್ಲಿ ಬಲ ಹೋದರೆ, ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ, ಮಂಡಿ ಊದಿ ಬಿಸಿಯಾದರೆ ಡಾಕ್ಟರ್ ಹತ್ತಿರ ಹೋಗಿ. ಮೂತ್ರ ಹಿಡಿತ ತಪ್ಪಿದರೆ ಅದೇ ಗಂಟೆ ಆಸ್ಪತ್ರೆಗೆ. ಗುಡ್ಡ ಹತ್ತುವಾಗ ಎದೆ ಹಿಡಿದು ನೋವು ಎಡತೋಳಿಗೋ ದವಡೆಗೋ ಹರಿದರೆ ಅದು ಭುಜದ ನೋವಿರಬಹುದು ಅಂತ ಮುಂದಿನ ಹೋಲ್‌ಗೆ ನಡೆಯಬೇಡಿ. ಅಲ್ಲೇ ಕೂತು ಜೊತೆಯವರಿಗೆ ಆಂಬುಲೆನ್ಸ್ ಕರೆಯಲು ಹೇಳಿ.