ಒಂದೇ ಸಭಾಂಗಣವಿದ್ದ ವಿಶ್ವವಿದ್ಯಾಲಯ

ಹಳೆಯ ವಿದ್ಯಾರ್ಥಿಗಳ ನೆನಪಿನ ಬರಹಗಳಲ್ಲಿ ಸಾಮಾನ್ಯವಾಗಿ ತರಗತಿ, ವಿದ್ಯಾರ್ಥಿನಿಲಯ, ಪರೀಕ್ಷೆ, ಅಚ್ಚುಮೆಚ್ಚಿನ ಅಧ್ಯಾಪಕರು ಇವುಗಳ ಮಾತೇ ಹೆಚ್ಚು. ಅವನ್ನೆಲ್ಲ ನನ್ನ ಸಹಪಾಠಿಗಳು ನನಗಿಂತ ಚೆನ್ನಾಗಿ ಬರೆಯಬಲ್ಲರೆಂಬ ನಂಬಿಕೆಯಿಂದ ನಾನು ನಮ್ಮ ವಿಶ್ವವಿದ್ಯಾಲಯದ ಸಂಜೆಯ ಸಾರ್ವಜನಿಕ ಉಪನ್ಯಾಸಗಳನ್ನೂ ಕಲಾ ಕಾರ್ಯಕ್ರಮಗಳನ್ನೂ ಕುರಿತು ಬರೆಯುತ್ತಿದ್ದೇನೆ. ಪಠ್ಯಕ್ರಮದಲ್ಲಿ ಓದಿದ್ದರಲ್ಲಿ ಬಹುಪಾಲನ್ನು ಮುಂದೆ ಕೆಲಸದಲ್ಲಿ ತೊಡಗಿದ ಮೇಲೆ ಮತ್ತೊಮ್ಮೆ ಕಲಿಯಬೇಕಾಗಿ ಬಂತು. ಆದರೆ ಪರಿಚಯವೇ ಇಲ್ಲದ ವಿಷಯವೊಂದರ ಮೇಲಿನ ಮಾತನ್ನು ಒಂದು ಗಂಟೆ ಕುಳಿತು ಕೇಳುವುದನ್ನು, ಒಪ್ಪಿಗೆಯಾಗದಿದ್ದಾಗ ಎದ್ದು ನಿಂತು ಮರ್ಯಾದೆ ಮೀರದೆ ಪ್ರಶ್ನಿಸುವುದನ್ನು ನಾನು ಕಲಿತದ್ದು ಆ ಸಂಜೆಗಳಲ್ಲಿಯೇ.

ನಮ್ಮದು ಚಿಕ್ಕ ವಿಶ್ವವಿದ್ಯಾಲಯ. ವಿಭಾಗಗಳು ಕಡಿಮೆ, ಸಭಾಂಗಣ ಒಂದೇ. ಇದನ್ನು ಕೊರತೆಯೆಂದು ಆಗ ನಾವೆಲ್ಲ ದೂರುತ್ತಿದ್ದೆವು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಪ್ರತಿ ವಿಭಾಗಕ್ಕೂ ಅದರದೇ ಉಪನ್ಯಾಸ ಮಾಲೆ, ಅದರದೇ ಕೊಠಡಿ, ಅದರದೇ ಕೇಳುಗರು ಇರುತ್ತಾರೆ. ರಸಾಯನಶಾಸ್ತ್ರಜ್ಞರು ರಸಾಯನಶಾಸ್ತ್ರಜ್ಞರಿಗೆ ಹೇಳುತ್ತಾರೆ, ಇತಿಹಾಸಕಾರರು ಇತಿಹಾಸಕಾರರಿಗೆ. ನಮ್ಮಲ್ಲಿ ಹಾಗೆ ಹಂಚಿಕೊಳ್ಳುವಷ್ಟು ಜನರೂ ಇರಲಿಲ್ಲ, ಜಾಗವೂ ಇರಲಿಲ್ಲ. ಆದ್ದರಿಂದ ಗಣಿತದ ವಿದ್ಯಾರ್ಥಿ, ಗ್ರಂಥಾಲಯದ ಸಹಾಯಕ, ಊರಿನಿಂದ ನಡೆದು ಬರುತ್ತಿದ್ದ ನಿವೃತ್ತರು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡ ತಾಯಂದಿರು ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತಿರುತ್ತಿದ್ದರು. ಭಾಷಣಕಾರರು ವೇದಿಕೆಗೆ ಬಂದು ಈ ಮುಖಗಳನ್ನು ನೋಡಿದೊಡನೆ, ತಾವು ಸಿದ್ಧಪಡಿಸಿಕೊಂಡು ಬಂದ ಮೊದಲ ಐದು ಪುಟಗಳನ್ನು ಕೈಬಿಡಬೇಕೆಂದು ತೀರ್ಮಾನಿಸುತ್ತಿದ್ದುದು ಅವರ ಮುಖದಲ್ಲಿಯೇ ಕಾಣುತ್ತಿತ್ತು. ಹಾಗೆ ಕೈಬಿಟ್ಟವರು ಗೆಲ್ಲುತ್ತಿದ್ದರು. ಬಿಡಲಾರದೆ ಓದಿದವರನ್ನು ನಾವು ಸೌಜನ್ಯದಿಂದ ಸಹಿಸಿಕೊಳ್ಳುತ್ತಿದ್ದೆವು.

ಉಪನ್ಯಾಸ ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಯಾಗಿದ್ದುದರಿಂದ ವೇದಿಕೆಯ ಹಿಂದಿನ ಕೆಲಸವನ್ನೂ ನೋಡುವ ಅವಕಾಶ ನನಗೆ ದೊರೆಯಿತು. ಹೊರಗಿನಿಂದ ನೋಡುವವರಿಗೆ ಉಪನ್ಯಾಸವೆಂದರೆ ಒಬ್ಬರು ಬಂದು ಮಾತನಾಡಿ ಹೋಗುವುದು. ಒಳಗಿನವರಿಗೆ ಅದು ಹಲವು ತಿಂಗಳ ಪತ್ರವ್ಯವಹಾರ. ಆಹ್ವಾನ ಪತ್ರದಲ್ಲಿ ಕೇಳುಗರು ಯಾರು, ಸಮಯವೆಷ್ಟು, ಪ್ರಶ್ನೋತ್ತರಕ್ಕೆ ಎಷ್ಟು, ಗೌರವಧನ ಮತ್ತು ಪ್ರಯಾಣವೆಚ್ಚದ ವ್ಯವಸ್ಥೆ ಏನು ಎಂಬುದನ್ನು ಮೊದಲೇ ಸ್ಪಷ್ಟವಾಗಿ ಬರೆಯಬೇಕೆಂದು ನಮ್ಮ ಸಂಚಾಲಕರು ಪಟ್ಟು ಹಿಡಿಯುತ್ತಿದ್ದರು. ಒಪ್ಪಿಗೆ ಬಂದ ಮೇಲೆ ಶೀರ್ಷಿಕೆಯ ಚರ್ಚೆ ಶುರುವಾಗುತ್ತಿತ್ತು. ವಿದ್ವಾಂಸರು ಕಳುಹಿಸುತ್ತಿದ್ದ ಶೀರ್ಷಿಕೆಗಳು ಸೂಚನಾಫಲಕದ ಒಂದು ಹಾಳೆಯಲ್ಲಿ ಹಿಡಿಸುತ್ತಿರಲಿಲ್ಲ. ಹಿಡಿಸಿದರೂ ಓದಿದವರಿಗೆ ಬರಬೇಕೋ ಬಾರದೋ ಎಂಬುದು ತಿಳಿಯುತ್ತಿರಲಿಲ್ಲ. ಅವರ ಮನಸ್ಸಿಗೆ ನೋವಾಗದಂತೆ ಅದನ್ನು ಚಿಕ್ಕದು ಮಾಡಿಸುವುದು ಸಮಿತಿಯ ಅತ್ಯಂತ ಸೂಕ್ಷ್ಮವಾದ ಕೆಲಸವಾಗಿತ್ತು. ಉಳಿದಂತೆ ಕುರ್ಚಿ, ಮೈಕು, ಪ್ರೊಜೆಕ್ಟರು, ಲೆಕ್ಕಪತ್ರ ವಿಭಾಗಕ್ಕೆ ಹೋಗುವ ಬಿಲ್ಲುಗಳು ಎಲ್ಲ ಕಡೆಯಂತೆ ಇಲ್ಲಿಯೂ ಇದ್ದವು.

ಸ್ವಾಗತ ಮತ್ತು ಪರಿಚಯ ಎರಡು ನಿಮಿಷ ಮೀರಕೂಡದೆಂಬುದು ಸಂಚಾಲಕರ ಇನ್ನೊಂದು ನಿಯಮ. ಅತಿಥಿಯ ಪದವಿ, ಪ್ರಶಸ್ತಿ, ಪ್ರಕಟಣೆಗಳ ಪಟ್ಟಿಯನ್ನು ಪೂರ್ತಿ ಓದಿ ಕೇಳುಗರನ್ನು ಉಪನ್ಯಾಸಕ್ಕೆ ಮೊದಲೇ ದಣಿಸುವ ಪದ್ಧತಿಯನ್ನು ಅವರು ಕಂಡರಾಗದೆ ಇದ್ದರು. ನಾನು ಆಮೇಲೆ ನೋಡಿದ ಎಷ್ಟೋ ಸಭೆಗಳಲ್ಲಿ ಈ ನಿಯಮ ಇದ್ದಿದ್ದರೆ ಎಂದು ಅಂದುಕೊಂಡದ್ದುಂಟು.

ಸಂಚಾಲಕರು ಇತಿಹಾಸದ ಪ್ರಾಧ್ಯಾಪಕರು. ಸಮಿತಿಯ ಸಭೆ ಬೇಗ ಮುಗಿದ ದಿನ ಸಾರ್ವಜನಿಕ ಉಪನ್ಯಾಸದ ಚರಿತ್ರೆಯನ್ನೇ ನಮಗೆ ಹೇಳುತ್ತಿದ್ದರು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1825ರಲ್ಲಿ ಎಳೆಯರಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು ಆರಂಭವಾದದ್ದು, ಅವುಗಳನ್ನು ಬೆಳೆಸಿದ ಮೈಕೆಲ್ ಫ್ಯಾರಡೆ ತನ್ನ ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಿನಲ್ಲಿಯೇ, 1813ರಲ್ಲಿ, ಉಪನ್ಯಾಸ ಹೇಗಿರಬೇಕೆಂದು ಗೆಳೆಯನಿಗೆ ಸಾಲುಸಾಲು ಪತ್ರ ಬರೆದದ್ದು, ಒಂದು ಗಂಟೆಗಿಂತ ಹೆಚ್ಚು ಮಾತನಾಡಬಾರದೆಂದು ಆಗಲೇ ತೀರ್ಮಾನಿಸಿದ್ದು ಅವರ ಮೆಚ್ಚಿನ ಪ್ರಸಂಗ. ಕೇಂಬ್ರಿಜ್‌ನ ಜೇಮ್ಸ್ ಸ್ಟುವರ್ಟ್ 1867ರಲ್ಲಿ ಉತ್ತರ ಇಂಗ್ಲೆಂಡಿನ ಪಟ್ಟಣಗಳಲ್ಲಿ ಮಹಿಳೆಯರಿಗಾಗಿ ಉಪನ್ಯಾಸ ಮಾಲೆಯನ್ನು ನಡೆಸಿದಾಗ, ಪ್ರತಿ ಉಪನ್ಯಾಸದ ಸಾರಾಂಶವನ್ನು ಅಚ್ಚು ಹಾಕಿಸಿ ಹಂಚಿ, ಬರೆದು ಉತ್ತರಿಸಲು ಪ್ರಶ್ನೆಗಳನ್ನೂ ಕೊಡುತ್ತಿದ್ದರು. ಆ ಪ್ರಯತ್ನದಿಂದಲೇ 1873ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ತನ್ನ ಆವರಣದ ಹೊರಗೆ ಪಾಠ ಹೇಳುವ ಹೊಣೆಯನ್ನು ಅಧಿಕೃತವಾಗಿ ಒಪ್ಪಿಕೊಂಡಿತು. ಕನ್ನಡದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಹಳ್ಳಿಗಳಿಗೂ ಹೋಗಿ, ಆಮೇಲೆ ಕಿರುಹೊತ್ತಗೆಗಳಾಗಿ ಮನೆಮನೆಯನ್ನು ಸೇರಿದ್ದು ಇದೇ ಧಾಟಿಯ ಕೆಲಸವೆಂದು ಅವರು ಹೇಳುತ್ತಿದ್ದರು. ನಮ್ಮ ಉಪನ್ಯಾಸಗಳಲ್ಲಿ ಬಾಗಿಲ ಬಳಿ ಒಂದು ಪುಟದ ಸಾರಾಂಶವನ್ನು ಕೊಡುತ್ತಿದ್ದುದು ಸ್ಟುವರ್ಟ್ ಅವರಿಂದ ಪಡೆದ ಸಾಲ. ಮಾತು ಎಲ್ಲಿ ಕೈತಪ್ಪಿತೆಂಬುದು ಆ ಹಾಳೆ ಕೈಯಲ್ಲಿದ್ದವರಿಗೆ ಮತ್ತೆ ಹಿಡಿಯಲು ಸಿಗುತ್ತಿತ್ತು.

ಚಿಕ್ಕ ಸಭೆಯನ್ನು ನಾವು ಕೀಳಾಗಿ ಕಂಡಾಗಲೆಲ್ಲ ಅವರು ಮ್ಯಾಕ್ಸ್ ವೆಬರ್ ಹೆಸರು ತೆಗೆಯುತ್ತಿದ್ದರು. ವಿದ್ಯೆಯನ್ನೇ ವೃತ್ತಿಯಾಗಿಸಿಕೊಳ್ಳುವುದೆಂದರೇನು ಎಂಬ ಆತನ ಉಪನ್ಯಾಸ ಸಮಾಜಶಾಸ್ತ್ರ ಓದುವವರೆಲ್ಲರಿಗೂ ಗೊತ್ತು. ಆದರೆ ಅದನ್ನು ಏರ್ಪಡಿಸಿದ್ದು ಯಾವ ಅಕಾಡೆಮಿಯೂ ಅಲ್ಲ, 1917ರ ನವೆಂಬರಿನಲ್ಲಿ ಮ್ಯೂನಿಕ್ ನಗರದ ವಿದ್ಯಾರ್ಥಿಗಳ ಒಂದು ಸಂಘ, ಪುಸ್ತಕದಂಗಡಿಯೊಂದಕ್ಕೆ ಸೇರಿದ ಸಭಾಂಗಣದಲ್ಲಿ. ಇದನ್ನು ಕೇಳಿದ ಮೇಲೆ ಆಹ್ವಾನ ಪತ್ರಗಳನ್ನು ಅಂಚೆಗೆ ಹಾಕುವಾಗ ನಮ್ಮ ನಡಿಗೆಯಲ್ಲಿ ಸ್ವಲ್ಪ ಗತ್ತು ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಇನ್ನು ಸಭಾಂಗಣದ ವಿಷಯ. ಅದರಲ್ಲಿ ಭಾಷಣವೂ ನಡೆಯಬೇಕು, ಸಂಗೀತವೂ ನಡೆಯಬೇಕು, ನಾಟಕವೂ ಆಗಬೇಕು. ಈ ಮೂರಕ್ಕೂ ಒಗ್ಗುವ ಕೋಣೆಯನ್ನು ಕಟ್ಟುವುದು ಕಷ್ಟವೆಂಬುದು ನನಗೆ ತಿಳಿದದ್ದು ಸಮಿತಿಯಲ್ಲಿದ್ದ ಭೌತಶಾಸ್ತ್ರದ ಅಧ್ಯಾಪಕರಿಂದ. ಅವರು ಕಾರ್ಯಕ್ರಮಕ್ಕೆ ಮೊದಲು ಖಾಲಿ ಸಭಾಂಗಣದ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ, ಸದ್ದು ಸಾಯುವವರೆಗೂ ಕೈಗಡಿಯಾರ ನೋಡುತ್ತಿದ್ದರು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಫಾಗ್ ಕಲಾ ಸಂಗ್ರಹಾಲಯದಲ್ಲಿ ಹೊಸ ಉಪನ್ಯಾಸ ಕೊಠಡಿಯನ್ನು ಕಟ್ಟಿಸಿದಾಗ, ಅದರಲ್ಲಿ ಆಡಿದ ಮಾತು ಐದೂವರೆ ಸೆಕೆಂಡು ಅನುರಣಿಸುತ್ತ ಮುಂದಿನ ಮಾತುಗಳನ್ನೆಲ್ಲ ನುಂಗಿಹಾಕುತ್ತಿತ್ತಂತೆ. ಅದನ್ನು ಸರಿಪಡಿಸಲು ನೇಮಕಗೊಂಡ ವ್ಯಾಲೇಸ್ ಸಬೈನ್ ಎಂಬ ತರುಣ ಅಧ್ಯಾಪಕ ರಾತ್ರಿಹೊತ್ತು ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು, ಒಂದು ಆರ್ಗನ್ ಕೊಳವೆಯನ್ನು ಊದಿಸಿ, ನಿಲುಗಡಿಯಾರದಲ್ಲಿ ಅನುರಣನದ ಅವಧಿಯನ್ನು ಅಳೆದು, ಬೆಳಗಾಗುವ ಮೊದಲು ಮೆತ್ತೆಗಳನ್ನು ವಾಪಸು ಇಡುತ್ತಿದ್ದ. ಕೋಣೆಯ ಗಾತ್ರ ಹೆಚ್ಚಿದಷ್ಟೂ ಅನುರಣನ ಹೆಚ್ಚುತ್ತದೆ, ಸದ್ದನ್ನು ಹೀರುವ ವಸ್ತುಗಳು ಹೆಚ್ಚಿದಷ್ಟೂ ಅದು ಕುಗ್ಗುತ್ತದೆ ಎಂಬ ಆತನ ಸೂತ್ರ ಇಂದಿಗೂ ಬಳಕೆಯಲ್ಲಿದೆ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಆ ಲೆಕ್ಕದ ಮೇಲೆಯೇ ಎದ್ದದ್ದು. ಒಬ್ಬ ಮನುಷ್ಯನ ಮೈ ಹೆಚ್ಚುಕಡಿಮೆ ಆರು ಮೆತ್ತೆಗಳಷ್ಟು ಸದ್ದನ್ನು ಹೀರುತ್ತದೆಂದೂ ಸಬೈನ್ ಕಂಡುಕೊಂಡ.

ಮಾತಿಗೆ ಅನುರಣನ ಒಂದು ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಚೆನ್ನ. ವಾದ್ಯಮೇಳಕ್ಕೆ ಎರಡು ಸೆಕೆಂಡಿನ ಹತ್ತಿರ ಇದ್ದರೆ ಸ್ವರಗಳು ತುಂಬಿಕೊಳ್ಳುತ್ತವೆ. ಎರಡನ್ನೂ ಒಂದೇ ಕೋಣೆಯಲ್ಲಿ ಪಡೆಯಲು ನಮ್ಮ ಅಧ್ಯಾಪಕರು ಹಿಂದಿನ ಗೋಡೆಯುದ್ದಕ್ಕೂ ದಪ್ಪ ಬಟ್ಟೆಯ ಪರದೆಗಳನ್ನು ಹಾಕಿಸಿದರು. ಉಪನ್ಯಾಸದ ದಿನ ಅವನ್ನು ಪೂರ್ತಿ ಎಳೆದು ಗೋಡೆಯನ್ನು ಮುಚ್ಚುತ್ತಿದ್ದೆವು; ಸಂಗೀತದ ದಿನ ಮೂಲೆಗೆ ಸರಿಸಿ ಗೋಡೆಯನ್ನು ಬಿಡುತ್ತಿದ್ದೆವು. ಜನ ಎಷ್ಟು ಬರುತ್ತಾರೆಂದು ಅಂದಾಜು ಮಾಡಿ, ಕಡಿಮೆಯೆಂದು ಕಂಡರೆ ಸಂಗೀತಕ್ಕೂ ಅರ್ಧ ಪರದೆ ಎಳೆಯುವುದಿತ್ತು. ಕೇಳಲು ಬಂದವರು ಕೇಳಿಸುವ ಕೆಲಸದಲ್ಲಿಯೂ ಪಾಲುಗೊಳ್ಳುತ್ತಾರೆಂಬುದು ನಮಗೆ ಹೀಗೆ ತಿಳಿಯಿತು.

ಕಲಾ ಕಾರ್ಯಕ್ರಮಗಳಲ್ಲಿ ನನಗೆ ಹೆಚ್ಚು ರುಚಿಸಿದ್ದು ಪೂರ್ಣ ಪ್ರದರ್ಶನಗಳಿಗಿಂತ ಸೋದಾಹರಣ ಉಪನ್ಯಾಸಗಳು. ಪೂರ್ಣ ಪ್ರದರ್ಶನವನ್ನು ದೊಡ್ಡ ನಗರಗಳು ನಮಗಿಂತ ಚೆನ್ನಾಗಿ ಏರ್ಪಡಿಸುತ್ತವೆ, ಅದರಲ್ಲಿ ಪೈಪೋಟಿ ಬೇಡ. ಕಲಾವಿದರು ನಡುವೆ ನಿಲ್ಲಿಸಿ, ಹೀಗೇಕೆ ಮಾಡಿದೆ ಎಂದು ಹೇಳಿ, ಮತ್ತೊಮ್ಮೆ ಬೇರೆ ರೀತಿ ಮಾಡಿ ತೋರಿಸುವುದು ಚಿಕ್ಕ ಸಭೆಯಲ್ಲಿ ಮಾತ್ರ ಸಾಧ್ಯ. ಒಮ್ಮೆ ತಂತಿವಾದ್ಯದ ಕಲಾವಿದೆಯೊಬ್ಬರು ಒಂದೇ ಸ್ವರಕ್ಕೆ ಹೊಂದಿಸಿದ್ದ ಎರಡು ತಂತಿಗಳಲ್ಲಿ ಒಂದನ್ನು ಕೂದಲೆಳೆಯಷ್ಟು ಸಡಿಲಿಸಿ ಎರಡನ್ನೂ ಒಟ್ಟಿಗೆ ಮೀಟಿದರು. ನಾದ ಒಂದೇ ಸಮನೆ ನಿಲ್ಲದೆ ಏರುತ್ತ ಇಳಿಯುತ್ತ ಮಿಡಿಯತೊಡಗಿತು. ಅವರು ಮೆಲ್ಲಗೆ ಬಿರಡೆ ತಿರುಗಿಸಿದಂತೆ ಮಿಡಿತ ನಿಧಾನವಾಗಿ, ಕೊನೆಗೆ ಇಲ್ಲವಾಯಿತು. ಶ್ರುತಿ ಸೇರಿತೆಂದು ನಮಗೆ ಗೊತ್ತಾಗುವುದು ಹೀಗೆ ಎಂದರು. ಸೆಕೆಂಡಿಗೆ 440 ಮತ್ತು 442 ಕಂಪನಗಳ ಎರಡು ಸ್ವರಗಳು ಕೂಡಿದರೆ ಸೆಕೆಂಡಿಗೆ ಎರಡು ಮಿಡಿತ ಎಂಬ ಲೆಕ್ಕವನ್ನು ಪ್ರಯೋಗಾಲಯದಲ್ಲಿ ಮಾಡಿ ಅಂಕ ಪಡೆದಿದ್ದ ಭೌತಶಾಸ್ತ್ರದ ವಿದ್ಯಾರ್ಥಿಗಳು ಮುಂದಿನ ಸಾಲಿನಲ್ಲಿ ಬೆರಳು ಮಡಿಚಿ ಎಣಿಸುತ್ತಿದ್ದರು. 1959ರಲ್ಲಿ ಸಿ. ಪಿ. ಸ್ನೋ ಕೇಂಬ್ರಿಜ್‌ನ ರೀಡ್ ಉಪನ್ಯಾಸದಲ್ಲಿ ವಿಜ್ಞಾನಿಗಳೂ ಸಾಹಿತಿಗಳೂ ಒಬ್ಬರ ಮಾತು ಒಬ್ಬರಿಗೆ ತಿಳಿಯದ ಎರಡು ಸಂಸ್ಕೃತಿಗಳಾಗಿ ಒಡೆದುಹೋಗಿದ್ದಾರೆಂದು ದೂರಿದ್ದರು. ಆ ದೂರಿಗೆ ಉತ್ತರ ಸಿಗಬೇಕಾದದ್ದು ಪಠ್ಯಕ್ರಮದ ಪರಿಷ್ಕರಣೆಯಲ್ಲಿ ಅಲ್ಲ, ಇಂಥ ಸಂಜೆಗಳಲ್ಲಿ ಎಂದು ನಾನು ಈಗಲೂ ವಾದಿಸುತ್ತೇನೆ.

ನಾಟಕಗಳ ಬಗ್ಗೆ ಹೆಚ್ಚು ಹೇಳಲಾರೆ. ಪಕ್ಕದ ಮರೆಗಳೇ ಇಲ್ಲದ ವೇದಿಕೆಯಲ್ಲಿ ಪಾತ್ರಗಳು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕೆಂಬ ಸಮಸ್ಯೆ ಕೊನೆಗೂ ಬಗೆಹರಿಯಲಿಲ್ಲ. ಕಾರಿಡಾರಿನ ಗೋಡೆಗಳಲ್ಲಿ ನಡೆಯುತ್ತಿದ್ದ ಚಿತ್ರ ಪ್ರದರ್ಶನಗಳು ಅದಕ್ಕಿಂತ ಯಶಸ್ವಿಯಾಗಿದ್ದವು. ತರಗತಿಗೆ ಹೋಗುವ ದಾರಿಯಲ್ಲಿಯೇ ಇದ್ದುದರಿಂದ ನೋಡದೆ ಹೋಗುವುದು ಸಾಧ್ಯವಿರಲಿಲ್ಲ.

ಪ್ರಶ್ನೋತ್ತರವೇ ನಮ್ಮ ಸಭೆಗಳ ಜೀವ. ಉಪನ್ಯಾಸ ಮುಗಿದೊಡನೆ ಕವಿಯುವ ಮೌನವನ್ನು ತುಂಬಲು ಸಂಚಾಲಕರು ಎಂದೂ ಆತುರಪಡುತ್ತಿರಲಿಲ್ಲ. ಯಾರಾದರೂ ಕೈಯೆತ್ತುವವರೆಗೂ ನಗುತ್ತ ನಿಂತಿರುತ್ತಿದ್ದರು. ಮೊದಲ ಪ್ರಶ್ನೆ ವಿದ್ಯಾರ್ಥಿಗಳದೇ ಆಗಿರಬೇಕು, ಅದರಲ್ಲಿಯೂ ವಿದ್ಯಾರ್ಥಿನಿಯೊಬ್ಬಳು ಕೈಯೆತ್ತಿದ್ದರೆ ಅವಳಿಗೇ ಮೊದಲ ಅವಕಾಶ. ಹಿರಿಯ ಪ್ರಾಧ್ಯಾಪಕರು ಕೆಲವರಿಗೆ ಇದು ಅಸಮಾಧಾನ ತಂದಿತ್ತು. ಬಹಳ ಕಾಲದ ಮೇಲೆ, 2018ರಲ್ಲಿ, ಹತ್ತು ದೇಶಗಳ ಸುಮಾರು 250 ವಿಚಾರಗೋಷ್ಠಿಗಳನ್ನು ಗಮನಿಸಿದ ಅಧ್ಯಯನವೊಂದು ಪ್ರಕಟವಾಯಿತು. ಸಭೆಯಲ್ಲಿರುವ ಪ್ರಮಾಣಕ್ಕೆ ಹೋಲಿಸಿದರೆ ಮಹಿಳೆಯರು ಕೇಳುವ ಪ್ರಶ್ನೆಗಳು ಕಡಿಮೆ, ಮೊದಲ ಪ್ರಶ್ನೆಯನ್ನು ಪುರುಷರು ಕೇಳಿದಾಗ ಈ ಅಂತರ ಇನ್ನೂ ಹೆಚ್ಚು ಎಂದು ಅದರಲ್ಲಿ ಓದಿದಾಗ ನಮ್ಮ ಸಂಚಾಲಕರ ಹಟದ ಅರ್ಥ ನನಗೆ ಪೂರ್ತಿಯಾಗಿ ಹೊಳೆಯಿತು. ಪ್ರಶ್ನೆಯ ನೆಪದಲ್ಲಿ ಇನ್ನೊಂದು ಭಾಷಣ ಆರಂಭಿಸುವವರನ್ನು, “ತಮ್ಮ ಪ್ರಶ್ನೆ ಯಾವುದು ಸ್ವಾಮಿ?” ಎಂದು ಅವರು ವಿನಯದಿಂದಲೇ ತಡೆಯುತ್ತಿದ್ದ ರೀತಿಯನ್ನು ನಾನು ಎಷ್ಟು ಅನುಕರಿಸಿದರೂ ಆ ವಿನಯ ನನಗೆ ಒಲಿದಿಲ್ಲ.

ಒಂದು ವರ್ಷ ಸಭಾಂಗಣ ತುಂಬಿಸಬೇಕೆಂದು ಆಡಳಿತದವರು ಉಪನ್ಯಾಸಗಳಿಗೆ ಹಾಜರಾತಿಯನ್ನು ಕಡ್ಡಾಯ ಮಾಡಿದರು. ಸಭಾಂಗಣ ತುಂಬಿತು, ಪ್ರಶ್ನೆಗಳು ನಿಂತವು. ಹಿಂದಿನ ಸಾಲುಗಳಲ್ಲಿ ಹಾಜರಿ ಪುಸ್ತಕ ಕೈಯಿಂದ ಕೈಗೆ ಹೋಗುವುದನ್ನು ವೇದಿಕೆಯ ಮೇಲಿದ್ದವರೂ ನೋಡುತ್ತಿದ್ದರು, ಊರಿನಿಂದ ಬರುತ್ತಿದ್ದ ಹಿರಿಯರಿಗೆ ಕುರ್ಚಿ ಸಿಗದೆ ಅವರು ಬರುವುದನ್ನು ಕಡಿಮೆ ಮಾಡಿದರು. ಮರುವರ್ಷ ಆ ಆದೇಶವನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ, ಯಾರೂ ಪಾಲಿಸಲೂ ಇಲ್ಲ. ಅದಾದ ಸ್ವಲ್ಪ ದಿನಕ್ಕೆ ಪರೀಕ್ಷೆಗಳ ನಡುವೆ ಬಂದ ಒಂದು ಉಪನ್ಯಾಸಕ್ಕೆ ಮುಂದಿನ ಎರಡು ಸಾಲುಗಳಷ್ಟೂ ಜನರಿರಲಿಲ್ಲ. ಖಗೋಳವಿಜ್ಞಾನಿಯಾಗಿದ್ದ ಅತಿಥಿಗಳು ಮೈಕನ್ನು ಆರಿಸಿ, ವೇದಿಕೆಯಿಂದ ಇಳಿದು, ಕುರ್ಚಿಯೊಂದನ್ನು ನಮ್ಮ ಕಡೆಗೆ ತಿರುಗಿಸಿಕೊಂಡು ಕುಳಿತು ಮಾತನಾಡಿದರು. ನಕ್ಷತ್ರಗಳ ಬೆಳಕಿನಿಂದ ಅವುಗಳ ದ್ರವ್ಯವನ್ನು ಗುರುತಿಸುವ ಬಗೆಯನ್ನು ನಾನು ಸರಿಯಾಗಿ ಅರ್ಥಮಾಡಿಕೊಂಡದ್ದು ಅಂದು, ನಡುನಡುವೆ ತಡೆದು ಕೇಳಲು ಸಾಧ್ಯವಾದುದರಿಂದ.

ಈಗ ಉಪನ್ಯಾಸಗಳೆಲ್ಲ ನೇರಪ್ರಸಾರವಾಗುತ್ತವೆ, ಬೇಕೆಂದಾಗ ನೋಡಲು ಸಿಗುತ್ತವೆ. ದೂರದಲ್ಲಿರುವ ನನ್ನಂಥವರಿಗೆ ಅದರಿಂದ ಉಪಕಾರವೇ ಆಗಿದೆ. ಆದರೆ ನಮ್ಮ ಕಾಲದ ಧ್ವನಿಮುದ್ರಣಗಳು ಇನ್ನೂ ಕ್ಯಾಸೆಟ್ಟುಗಳಲ್ಲಿಯೇ ಗ್ರಂಥಾಲಯದ ಕಪಾಟಿನಲ್ಲಿವೆ ಎಂದು ಕೇಳಿದ್ದೇನೆ. ಕಾಂತಪಟ್ಟಿಯನ್ನು ಹಿಡಿದಿಡುವ ಅಂಟು ತೇವಕ್ಕೆ ಹಾಳಾಗುತ್ತದೆ, ಅದನ್ನು ನುಡಿಸುವ ಯಂತ್ರಗಳೂ ಅಪರೂಪವಾಗುತ್ತಿವೆ. ತಡಮಾಡದೆ ಅವನ್ನು ಡಿಜಿಟಲ್ ರೂಪಕ್ಕೆ ತರಬೇಕೆಂದು ಈ ಸಂಚಿಕೆಯ ಮೂಲಕ ವಿಶ್ವವಿದ್ಯಾಲಯವನ್ನು ಕೋರುತ್ತೇನೆ. ಬಾಗಿಲ ಬಳಿ ಹಂಚುತ್ತಿದ್ದ ಸಾರಾಂಶದ ಹಾಳೆಗಳಲ್ಲಿ ಬಹುಪಾಲು ನನ್ನಲ್ಲಿ ಉಳಿದಿವೆ. ಯಾವ ಉಪನ್ಯಾಸ ಯಾವ ದಿನದ್ದೆಂದು ಗುರುತಿಸಲು ಅವು ನೆರವಾಗಬಹುದು. ಅವನ್ನು ಗ್ರಂಥಾಲಯಕ್ಕೆ ಕಳುಹಿಸುತ್ತಿದ್ದೇನೆ. ಉಳಿದ ಹಾಳೆಗಳು ಯಾರ ಬಳಿಯಾದರೂ ಇದ್ದರೆ, ಅಂಚಿನಲ್ಲಿ ಗೀಚಿಕೊಂಡ ಟಿಪ್ಪಣಿಗಳನ್ನು ಅಳಿಸದೆ ಹಾಗೆಯೇ ಕೊಡಬೇಕೆಂದು ನನ್ನ ಸಮಕಾಲೀನರಲ್ಲಿ ವಿನಂತಿ.