ಇಪ್ಪತ್ತು ಡ್ರಾಪ್

ನಾನು ಆಹಾರ ಸುರಕ್ಷತಾ ಅಧಿಕಾರಿ. ನಮ್ಮ ಆಫೀಸಿನಲ್ಲಿ ನನಗೊಂದು ಅಡ್ಡಹೆಸರಿದೆ. ಇಪ್ಪತ್ತು ಡ್ರಾಪ್. ಹೊಸದಾಗಿ ಬಂದವರು ನನಗೇನೋ ಕಣ್ಣಿನ ತೊಂದರೆ ಇರಬೇಕು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಅಂತ ನಾನೂ ಸುಮ್ನೆ ಇರುತ್ತೇನೆ.

ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಬಂತು ಅಂದರೆ ಮನೆ ತುಂಬ ನೆಂಟರು. ಮಟನ್ ರೇಟು ಕೇಳಿ ಹಿಂದೆ ಸರಿದವರೆಲ್ಲ ಚಿಕನ್ ಅಂಗಡಿ ಮುಂದೆ ನಿಲ್ಲುತ್ತಾರೆ. ಅದಕ್ಕೇ ಒಂದು ವಾರ ಮುಂಚೆ ನಮ್ಮ ಮೇಲಧಿಕಾರಿ ಡಿಒ ಸರ್ ಮೀಟಿಂಗ್ ಕರೆದು, "ಈ ಸಲ ಹಸಿ ಚಿಕನ್ ಮೈಕ್ರೋಗೆ ಎತ್ತಬೇಕ್ರಿ" ಅಂದರು. ಎಲ್ಲರೂ ಟೇಬಲ್ ನೋಡಿದರು. ನಾನು ತಪ್ಪಿ ಅವರ ಮುಖ ನೋಡಿಬಿಟ್ಟೆ.

ಮೈಕ್ರೋ, ಅಂದರೆ ಬ್ಯಾಕ್ಟೀರಿಯಾ ಟೆಸ್ಟಿನ ಸ್ಯಾಂಪಲ್, ನಮಗೆ ಅಪರೂಪ. ನಮ್ಮದೇನಿದ್ದರೂ ಎಣ್ಣೆ, ಟೀಪುಡಿ, ಬೆಲ್ಲ, ಹಾಲು, ಖೋವಾ. ನಾಲ್ಕು ಭಾಗ ಮಾಡು, ಡಿಒ ಸ್ಲಿಪ್ ಅಂಟಿಸು, ದಾರ ಕಟ್ಟು, ಅರಗು ಹಾಕು. ಹಾಲು, ಖೋವಾ ಆದರೆ ಕೆಡದ ಹಾಗೆ ಫಾರ್ಮಾಲಿನ್ ಬಿಡು. 25 ಎಂಎಲ್‌ಗೆ ಎರಡು ಡ್ರಾಪ್, ಗಟ್ಟಿ ಪದಾರ್ಥಕ್ಕೆ 25 ಗ್ರಾಂಗೆ ಎರಡು. ಹಳೆ ಕಲಬೆರಕೆ ಕಾಯ್ದೆ ಪಿಎಫ್‌ಎ ಕಾಲದ ಸೀನಿಯರ್ ಒಬ್ಬರು ಇದನ್ನು ನನಗೆ ಮಗ್ಗಿ ಥರ ಬಾಯಿಪಾಠ ಮಾಡಿಸಿದ್ದರು. "ಕಾಲು ಕೆಜಿಗೆ ಇಪ್ಪತ್ತು, ಅರ್ಧಕ್ಕೆ ನಲವತ್ತು, ನಿದ್ದೆಗಣ್ಣಲ್ಲಿ ಕೇಳಿದರೂ ಹೇಳಬೇಕು" ಅನ್ನುತ್ತಿದ್ದರು. ಅವರ ಪಾಠ ಚೆನ್ನಾಗೇ ಹತ್ತಿತ್ತು.

ಅವತ್ತು ಬೆಳಿಗ್ಗೆ ಹರಿಹರದ ಕಡೆ ಹಾಲಿನ ಡ್ರೈವ್ ಇತ್ತು. ಮುಗಿಸಿ ಮಧ್ಯಾಹ್ನ ಮೇಲೆ ಚಿಕನ್‌ಗೆ ಬಂದೆ. ಒಂದೇ ದಿನ ಎರಡೂ ಮುಗಿದರೆ ಜೀಪು ಒಂದೇ ಸಲ ಸಾಕು ಅನ್ನುವುದು ನನ್ನದೇ ಐಡಿಯಾ. ಡ್ರಾಪರ್ ಬಾಟಲಿ ಶರ್ಟಿನ ಜೇಬಿನಲ್ಲೇ ಇತ್ತು.

ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗಿನ ಅಂಗಡಿ. ಪುಕ್ಕ ಕೀಳುವ ಡ್ರಮ್ಮು ಗಿರಗಿರ ತಿರುಗುತ್ತಿತ್ತು. ಪಕ್ಕದಲ್ಲಿ ಒಂದು ನೀಲಿ ಟಬ್ಬು. ಬೆಳಿಗ್ಗೆಯಿಂದ ಎಷ್ಟು ಕೋಳಿ ಮುಳುಗಿ ಎದ್ದಿದ್ದವೋ, ನೀರು ಮಾತ್ರ ಅದೇ. ಕತ್ತರಿಸಲು ಹುಣಸೆಮರದ ತುಂಡು. ನಾನು ಸಾಲ್ಮೊನೆಲ್ಲಾ ಟೆಸ್ಟಿಗೆ ಅಂದೆ. ಓನರ್ ಸೀರಿಯಸ್ಸಾಗಿ, "ಸಾಲ್ಮನ್ನಾ? ಸಾರ್, ನಮ್ದು ಚಿಕನ್ ಮಾತ್ರ, ಮೀನು ಮಾರಲ್ಲ" ಅಂದರು. ಅದು ಮೀನಲ್ಲ, ಸಾಲ್ಮನ್ ಅನ್ನುವ ಅಮೆರಿಕದ ಪಶುವೈದ್ಯರ ಹೆಸರಿನಿಂದ ಬಂದ ಬ್ಯಾಕ್ಟೀರಿಯಾ ಅಂತ ಹೇಳಿದೆ. ಅವರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

"ಬೇಯ್ಸಿದ್ರೆ ಎಲ್ಲ ಸಾಯ್ತಾವಲ್ರಿ ಸಾರ್?"

ಸಾಯುತ್ತವೆ, ಸರಿಯಾಗಿ ಬೆಂದರೆ. ಆದರೆ ಮನೆಯಲ್ಲಿ ಚಿಕನ್ ತೊಳೆದ ನೀರು ಸಿಂಕ್ ತುಂಬ ಸಿಡಿಯುತ್ತದೆ. ಅದೇ ಚಾಕುವಿನಲ್ಲಿ ಸೌತೆಕಾಯಿ ಹೆಚ್ಚುತ್ತಾರೆ. ಸೌತೆಕಾಯಿಯನ್ನು ಯಾರು ಬೇಯಿಸುತ್ತಾರೆ? ಇದು ಕೋಳಿಯ ಕರುಳಿನಲ್ಲಿ ಇರುವ ಬ್ಯಾಕ್ಟೀರಿಯಾ. ಕೋಳಿ ಚೆನ್ನಾಗೇ ಓಡಾಡಿಕೊಂಡಿರುತ್ತದೆ. ಕೊಯ್ದ ಮೇಲೆ ಡ್ರಮ್ಮು, ಟಬ್ಬು, ಹಲಗೆ ಮೂಲಕ ಒಂದರಿಂದ ಹತ್ತಕ್ಕೆ ಹತ್ತುತ್ತದೆ. ಇದನ್ನೆಲ್ಲ ಗತ್ತಿನಿಂದ ಹೇಳುತ್ತಿದ್ದೆ. ಅಷ್ಟರಲ್ಲಿ ಓನರ್ ಮಗ ಮೊಬೈಲ್ ತೆಗೆದು ವಿಡಿಯೋ ಶುರು ಮಾಡಿದ.

ಅಲ್ಲಿಂದ ನನ್ನ ತಲೆಯೆಲ್ಲ ಕ್ಯಾಮೆರಾ ಕಡೆ. ಟ್ರೈನಿಂಗ್‌ನಲ್ಲಿ ಹೇಳಿದ್ದನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡೆ. ಗ್ಲೌಸ್ ಹಾಕಿದೆ. ಕೈಗೆ ಸ್ಪಿರಿಟ್ ಹಚ್ಚಿದೆ. ಸ್ಟೆರೈಲ್ ಚೀಲದ ಒಳಗೆ ಬೆರಳು ತಾಗದ ಹಾಗೆ ಬಾಯಿ ಬಿಡಿಸಿದೆ. ಐದು ಚೀಲ, ಒಂದೊಂದಕ್ಕೆ ಕಾಲು ಕೆಜಿ. ಇಷ್ಟು ಚೆಂದವಾಗಿ ನಾನು ಯಾವತ್ತೂ ಸ್ಯಾಂಪಲ್ ಎತ್ತಿರಲಿಲ್ಲ. ಹೊಸ ಕೆಲಸವನ್ನೆಲ್ಲ ತಲೆ ನೋಡಿಕೊಳ್ಳುತ್ತಿತ್ತು. ಹಳೆ ಕೆಲಸ ಕೈಗೆ ಬಿಟ್ಟಿದ್ದೆ. ಕೈ ಜೇಬಿಗೆ ಹೋಯಿತು.

ಇಪ್ಪತ್ತು, ಇಪ್ಪತ್ತು, ಇಪ್ಪತ್ತು, ಇಪ್ಪತ್ತು, ಇಪ್ಪತ್ತು.

"ಅದೇನ್ ಸಾರ್ ಅದು?" ಅಂತ ಹುಡುಗ ಕೇಳಿದ.

"ಕೆಡಬಾರದು ಅಂತ," ಅಂದೆ. ಅದೂ ವಿಡಿಯೋದಲ್ಲಿದೆ.

ಚಿಕನ್ ದುಡ್ಡು ಜೇಬಿನಿಂದ ಕೊಟ್ಟು ರಸೀದಿ ತಗೊಂಡೆ. ಆ ಬಿಲ್ಲು ಪಾಸಾಗಲು ಎಷ್ಟು ತಿಂಗಳು ಹಿಡಿಯಿತು ಅನ್ನುವುದು ಬೇರೆ ಕಥೆ, ಬಿಡಿ. ಮಹಜರಿಗೆ ಸಾಕ್ಷಿಗಳ ಸಹಿ ಆಯಿತು. ಫಾರಂ ಕೊಟ್ಟೆ. ಐಸ್ ಪ್ಯಾಕ್ ನಡುವೆ ಚೀಲ ಜೋಡಿಸಿದೆ. ಅಟೆಂಡರ್ ಜಾತ್ರೆ ರಜೆ ಹಾಕಿದ್ದ. ಮೈಕ್ರೋ ಸ್ಯಾಂಪಲ್ ತಡ ಮಾಡುವ ಹಾಗಿಲ್ಲ. ಹಾಗಾಗಿ ರಾತ್ರಿ ಹತ್ತೂವರೆ ಬಸ್ಸಿಗೆ ನಾನೇ ಬೆಂಗಳೂರಿಗೆ ಹೊರಟೆ. ಬಾಕ್ಸನ್ನು ಕಂಡಕ್ಟರ್ ಡಿಕ್ಕಿಯಲ್ಲಿ ಇಡಿ ಅಂದ. ಸರ್ಕಾರಿ ಸ್ಯಾಂಪಲ್ ಅಂತ ಜಗಳ ಮಾಡಿ ಕಾಲ ಸಂದಿಯಲ್ಲೇ ಇಟ್ಟುಕೊಂಡೆ. ಎಲ್ಲಿಲ್ಲದ ಕಾಳಜಿ.

ಚಿತ್ರದುರ್ಗ ದಾಟುವವರೆಗೆ ಒಳ್ಳೆ ನಿದ್ದೆ. ಹಿರಿಯೂರಿನ ಹತ್ತಿರ ಟೀಗೆ ನಿಲ್ಲಿಸಿದರು. ಮೊಬೈಲ್ ಬೆಳಕಿನಲ್ಲಿ ಸ್ಯಾಂಪಲ್ ಜೊತೆ ಲ್ಯಾಬಿಗೆ ಕೊಡುವ ಫಾರಂ 6 ತೆಗೆದು ಕೋಡ್ ನಂಬರ್ ಸರಿ ಇದೆಯಾ ಅಂತ ನೋಡಿದೆ. ಸರಿ ಇತ್ತು. ಕೆಳಗೆ, ಹಾಕಿದ ಪ್ರಿಸರ್ವೇಟಿವ್ ಯಾವುದು, ಎಷ್ಟು ಅನ್ನುವ ಕಾಲಂ. ಅದರಲ್ಲಿ ನನ್ನದೇ ದುಂಡು ಅಕ್ಷರ: ಫಾರ್ಮಾಲಿನ್, ತಲಾ 20 ಡ್ರಾಪ್.

ಒಂದು ಸಲ ಓದಿದೆ. ಇನ್ನೊಂದು ಸಲ ಓದಿದೆ. ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು.

ಹೆಣ ಕೆಡದ ಹಾಗೆ ಇಡಲು ಮೆಡಿಕಲ್ ಕಾಲೇಜಿನಲ್ಲಿ ಬಳಸುವ ಔಷಧಿ ಅದು. ಬ್ಯಾಕ್ಟೀರಿಯಾ ಹುಡುಕಲು ಹೊರಟ ಸ್ಯಾಂಪಲ್‌ಗೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಹಾಕಿ, ಅದನ್ನು ಐಸ್‌ನಲ್ಲಿಟ್ಟು, ಮಗುವಿನ ಥರ ಕಾಯ್ದುಕೊಂಡು ಬಂದಿದ್ದೆ.

ಆಮೇಲಿನ ಹತ್ತು ನಿಮಿಷ ನನಗೆ ಈಗಲೂ ಇಷ್ಟವಿಲ್ಲ. ಬ್ಯಾಗಿನಲ್ಲಿ ಖಾಲಿ ಫಾರಂ ಇದ್ದವು. ಪೆನ್ನಿತ್ತು. ಸೀಲೂ ಇತ್ತು. ಆ ಕಾಲಂನಲ್ಲಿ 'ಇಲ್ಲ' ಅಂತ ಬರೆದು ಹೊಸ ಫಾರಂ ಮಾಡಿದರೆ ಆಯಿತು. ಲ್ಯಾಬಿನಲ್ಲಿ ಏನೂ ಬೆಳೆಯುವುದಿಲ್ಲ. ರಿಪೋರ್ಟ್‌ನಲ್ಲಿ 'ಸಾಲ್ಮೊನೆಲ್ಲಾ ಇಲ್ಲ' ಅಂತ ಬರುತ್ತದೆ. ಟಾರ್ಗೆಟ್ ಮುಗಿಯಿತು. ಅಂಗಡಿಯವರಿಗೂ ಖುಷಿ, ಡಿಒ ಸರ್‌ಗೂ ಖುಷಿ. ಆ ನೀಲಿ ಟಬ್ಬಿನ ನೀರಿಗೆ ಸರ್ಕಾರಿ ಸರ್ಟಿಫಿಕೇಟು. ಪೆನ್ನಿನ ಕ್ಯಾಪ್ ತೆಗೆದೂ ಆಗಿತ್ತು.

ಯಾಕೆ ಬರೆಯಲಿಲ್ಲ? ಪ್ರಾಮಾಣಿಕತೆ ಅಂತ ಹೇಳಿಕೊಳ್ಳಬಹುದು. ಆದರೆ ನಿಜವಾಗಿ ನೆನಪಾಗಿದ್ದು ಆ ಹುಡುಗನ ವಿಡಿಯೋ.

ಡಿಒ ಸರ್‌ಗೆ ಫೋನ್ ಮಾಡಿದೆ. ಹನ್ನೆರಡೂಮುಕ್ಕಾಲು. ಎಲ್ಲ ಹೇಳಿದೆ. ಆ ಕಡೆಯಿಂದ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ.

"ಈಗ ಎಲ್ಲಿದೀರ್ರಿ?"

"ಹಿರಿಯೂರು ಸರ್."

"ಟೀ ಕುಡಿದ್ರಾ?"

"ಇಲ್ಲ ಸರ್."

"ಕುಡೀರಿ. ಬೆಳಿಗ್ಗೆ ಲ್ಯಾಬಿಗೆ ಹೋಗಿ ಮೇಡಂ ಹತ್ರ ಬೈಸ್ಕೊಂಡು, ಬರವಣಿಗೆಯಲ್ಲಿ ತಗೊಂಡು ಬನ್ನಿ. ಇನ್ನು ನನಗೆ ನಿದ್ದೆ ಬರಲ್ಲ, ನಿಮಗೂ ಬರಬಾರದು." ಇಟ್ಟುಬಿಟ್ಟರು. ಬಂತೂ ಇಲ್ಲ.

ಲ್ಯಾಬಿನ ಮೇಡಂ ಬೈಯಲಿಲ್ಲ. ಅದೇ ಕಷ್ಟವಾಯಿತು. ಫಾರಂ ಓದಿದರು. ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಮೇಲೆ ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. "ನೋಡಿ, 25 ಗ್ರಾಂ ತೂಗಿ 225 ಎಂಎಲ್ ಪೆಪ್ಟೋನ್ ವಾಟರ್‌ಗೆ ಹಾಕ್ತೀವಿ. 37 ಡಿಗ್ರಿಯಲ್ಲಿ ರಾತ್ರಿಯೆಲ್ಲ ಇಡ್ತೀವಿ. ಯಾಕೆ? ಐಸ್‌ನಲ್ಲಿ ಸುಸ್ತಾಗಿ ಬಂದಿರೋ ಬ್ಯಾಕ್ಟೀರಿಯಾ ಒಂದೆರಡಿದ್ರೂ ಚೇತರಿಸಿಕೊಳ್ಳಲಿ ಅಂತ. ನಾವಿಲ್ಲಿ ಅದಕ್ಕೆ ಬಾಣಂತನ ಮಾಡ್ತೀವಿ. ನೀವು ಅಲ್ಲೇ ಮಣ್ಣು ಮಾಡಿ ತರ್ತೀರಿ."

ಹೋಲಿಸಿ ನೋಡಲು ಸಾಲ್ಮೊನೆಲ್ಲಾ ಬೆಳೆಸಿಟ್ಟ ಕಂಟ್ರೋಲ್ ಪ್ಲೇಟ್ ಒಂದನ್ನು ತೋರಿಸಿದರು. ಬ್ಯಾಕ್ಟೀರಿಯಾ ಬೆಳೆಸುವ ಎಕ್ಸ್‌ಎಲ್‌ಡಿ ಅಗಾರ್. ಅದರ ಮೇಲೆ ಬೆಳೆದಿದ್ದವು ಥೇಟ್ ಗುಲಗಂಜಿ ಹಾಗೆ, ಸುತ್ತ ಕೆಂಪು, ನಡುವೆ ಕಪ್ಪು. ಇಷ್ಟು ವರ್ಷದ ಸರ್ವಿಸ್‌ನಲ್ಲಿ ನಾನು ಹುಡುಕುತ್ತಿದ್ದುದನ್ನು ಕಣ್ಣಾರೆ ಕಂಡಿದ್ದು ಅವತ್ತೇ.

ನಮ್ಮಲ್ಲಿ ರೂಲು ಕಟ್ಟುನಿಟ್ಟು. ಐದು ಯೂನಿಟ್‌ನಲ್ಲಿ ಒಂದರ 25 ಗ್ರಾಂನಲ್ಲೂ ಸಾಲ್ಮೊನೆಲ್ಲಾ ಕಾಣಬಾರದು. ಅಮೆರಿಕದಲ್ಲಿ ಹಸಿ ಚಿಕನ್‌ಗೆ ಇಷ್ಟು ಬಿಗಿ ಇಲ್ಲ ಅಂತ ಮೇಡಂ ಹೇಳಿದರು. ಅಲ್ಲಿ ಪ್ಲಾಂಟ್‌ನಲ್ಲಿ ಎಷ್ಟು ಪಾಲು ಪಾಸಿಟಿವ್ ಬರುತ್ತದೆ ಅಂತ ಲೆಕ್ಕ ಇಡುತ್ತಾರಂತೆ. ಸಾಲ್ಮೊನೆಲ್ಲಾ ಜಾಸ್ತಿ ಇರುವ ಹಸಿ ಚಿಕನ್ ಮಾರುವ ಹಾಗೇ ಇಲ್ಲ ಅನ್ನುವ ದೊಡ್ಡ ಪ್ರಸ್ತಾವನೆಯೊಂದು 2024ರಲ್ಲಿ ಬಂದು, 2025ರಲ್ಲಿ ವಾಪಸ್ಸೂ ಹೋಯಿತು. ನಮ್ಮ ರೂಲು ಕೇಳಿ ಒಂದು ಕ್ಷಣ ಹೆಮ್ಮೆ ಆಯಿತು. ಆಮೇಲೆ ಕಾಲ ಹತ್ತಿರದ ಬಾಕ್ಸ್ ನೋಡಿಕೊಂಡೆ.

'ಪರೀಕ್ಷೆಗೆ ಯೋಗ್ಯವಲ್ಲ' ಅಂತ ಲೆಟರ್ ತಗೊಂಡು ವಾಪಸ್ ಬಂದೆ. ಎರಡು ದಿನ ಬಿಟ್ಟು ಹೊಸ ಸ್ಯಾಂಪಲ್ ಎತ್ತಲು ಅದೇ ಅಂಗಡಿಗೆ ಮತ್ತೆ ಹೋದೆ. ನೀಲಿ ಟಬ್ಬು ಮಾಯವಾಗಿತ್ತು. ಎರಡು ಸ್ಟೀಲ್ ತೊಟ್ಟಿ ಬಂದಿದ್ದವು. ಹುಣಸೆ ತುಂಡಿನ ಜಾಗದಲ್ಲಿ ಬಿಳಿ ಪ್ಲಾಸ್ಟಿಕ್ ಹಲಗೆ. "ಮೊನ್ನೇದು ಏನಾಯ್ತ್ರಿ ಸಾರ್?" ಅಂದರು ಓನರ್. "ಟೆಕ್ನಿಕಲ್ ಪ್ರಾಬ್ಲಂ" ಅಂದೆ. ಹುಡುಗ ಮೊಬೈಲ್ ನೋಡಿಕೊಂಡು ನಕ್ಕ.

ಆ ಎರಡನೇ ಸ್ಯಾಂಪಲ್‌ನ ರಿಪೋರ್ಟ್ ಹದಿಮೂರನೇ ದಿನಕ್ಕೆ ಬಂತು. ಐದರಲ್ಲೂ ಇಲ್ಲ. ಹದಿನಾಲ್ಕು ದಿನದ ಗಡುವಿಗೆ ಒಂದು ದಿನ ಮುಂಚೆಯೇ ಅಂತ ಮೀಟಿಂಗ್‌ನಲ್ಲಿ ಹೊಗಳಿದರು. ಅಷ್ಟರಲ್ಲಿ ಜಾತ್ರೆ ಮುಗಿದು, ನೆಂಟರೆಲ್ಲ ಊರು ಸೇರಿ, ಚಪ್ಪರವೂ ಬಿಚ್ಚಿ ಆಗಿತ್ತು. ಬೆಳಿಗ್ಗೆ ಕೊಯ್ದು ಮಧ್ಯಾಹ್ನ ಉಣ್ಣುವ ಪದಾರ್ಥಕ್ಕೆ ಎರಡು ವಾರದ ರಿಪೋರ್ಟು. ಕಲ್ಚರ್‌ಗೇ ನಾಲ್ಕೈದು ದಿನ ಬೇಕು, ಅದು ಗೊತ್ತು. ಉಳಿದ ದಿನಗಳು ಫೈಲಿನವು. ಜಿಲ್ಲೆಗೊಂದು ಮೈಕ್ರೋ ಲ್ಯಾಬ್ ಕೊಡಿ ಅಂತ ಕೇಳಿದರೆ, ಈ ತಿಂಗಳ ಟಾರ್ಗೆಟ್ ಎಷ್ಟಾಯಿತು ಅಂತ ಕೇಳುತ್ತಾರೆ.

ಈಗ ಹಾಲಿನ ಡ್ರೈವ್ ದಿನ ನಾನು ಮೈಕ್ರೋ ಎತ್ತುವುದಿಲ್ಲ. ಡ್ರಾಪರ್ ಬಾಟಲಿ ಜೇಬಿನಲ್ಲಿ ಇಡುವುದಿಲ್ಲ. ಆಫೀಸು ಬಿಡುವ ಮುಂಚೆಯೇ ಫಾರಂನ ಆ ಕಾಲಂನಲ್ಲಿ 'ಇಲ್ಲ' ಅಂತ ಬರೆದುಕೊಂಡು ಹೊರಡುತ್ತೇನೆ. ಇಷ್ಟೇ ಕಲಿತಿದ್ದು.

ಚುಚ್ಚುವುದು ಇನ್ನೊಂದು. ಜಾತ್ರೆಗೆ ಮೂರು ತಿಂಗಳು ಮುಂಚೆ ಹೈವೇ ಪಕ್ಕದ ಹೋಟೆಲ್ ಒಂದರ ಫ್ರೀಜರ್‌ನಿಂದ ಹಸಿ ಚಿಕನ್ ಎತ್ತಿದ್ದೆ. ಸಾಲ್ಮೊನೆಲ್ಲಾ ಇಲ್ಲ ಅಂತ ಬಂದಿತ್ತು. ಬೆಂಗಳೂರಿನಿಂದ ಬಂದ ಮೇಲೆ ಆ ಫೈಲ್ ತೆಗೆಸಿದೆ. ಅವತ್ತೂ ಬೆಳಿಗ್ಗೆ ಹಾಲಿನ ಡ್ರೈವ್ ಇತ್ತು. ಫಾರಂ 6ರ ಆಫೀಸ್ ಕಾಪಿಯಲ್ಲಿ ಆ ಕಾಲಂ ಖಾಲಿ. 'ಇಲ್ಲ' ಅಂತಲೂ ಇಲ್ಲ, ಡ್ರಾಪ್ ಲೆಕ್ಕವೂ ಇಲ್ಲ. ಟೋಟಲ್ ಕೌಂಟ್ ಮಾಡಿಸಿದ್ದರೆ ಗೊತ್ತಾಗುತ್ತಿತ್ತು. ಹಸಿ ಚಿಕನ್ ಮೇಲೆ ಯಾವ ಬ್ಯಾಕ್ಟೀರಿಯಾವೂ ಇಲ್ಲ ಅಂದರೆ ಯಾರಿಗಾದರೂ ಅನುಮಾನ ಬರುತ್ತದೆ. ನಾನು ಕೇಳಿದ್ದು ಸಾಲ್ಮೊನೆಲ್ಲಾ ಒಂದೇ. ಎಷ್ಟು ನೆನಪು ಮಾಡಿಕೊಂಡರೂ ಅವತ್ತು ಕೈ ಜೇಬಿಗೆ ಹೋಗಿತ್ತಾ ಇಲ್ಲವಾ ಅನ್ನುವುದು ಹೊಳೆಯುತ್ತಿಲ್ಲ.

ಹೋಟೆಲಿನವರು ಆ ರಿಪೋರ್ಟಿಗೆ ಫ್ರೇಮ್ ಹಾಕಿಸಿ ಕ್ಯಾಶ್ ಕೌಂಟರ್ ಮೇಲೆ ನೇತುಹಾಕಿದ್ದಾರೆ. ಮೊನ್ನೆ ಟೂರ್ ಹೋಗುವಾಗ ಡಿಒ ಸರ್ ಊಟಕ್ಕೆ ಅಲ್ಲೇ ಜೀಪು ನಿಲ್ಲಿಸಿದರು. ಎಲ್ಲರೂ ಚಿಕನ್ ಬಿರಿಯಾನಿ ಹೇಳಿದರು. ನಾನು ಅನ್ನ ಸಾರು ತಗೊಂಡೆ.