ತೀರ್ಥನ್ ಹೊಳೆಯಿಂದ ಅಗತ್ತಿಯ ಲಗೂನಿಗೆ: ತಯಾರಿಯ ಟಿಪ್ಪಣಿಗಳು

ಆಷಾಢ

ಬೆಂಗಳೂರಿನ ಆಷಾಢದ ಗಾಳಿಯನ್ನು ಬೈಯುವವರೇ ಹೆಚ್ಚು. ಈ ವರ್ಷ ನನಗೆ ಅದು ಪುಕ್ಕಟೆ ಸಿಕ್ಕಿದ ಮೇಷ್ಟರು. ಬೇಸಿಗೆಯ ಬಿಸಿಲು ಏರುವ ಮೊದಲು ಲಕ್ಷದ್ವೀಪದ ಅಗತ್ತಿಗೆ ಹೋಗಿ, ಮೊಣಕಾಲುದ್ದದ ಉಪ್ಪುನೀರಿನಲ್ಲಿ ನಿಂತು ಫ್ಲೈ ಗಾಳ ಬೀಸಬೇಕೆಂಬುದು ಯೋಜನೆ. ಫ್ಲೈ ಎಂದರೆ ಹುಳ, ಸೀಗಡಿಯಂತೆ ಕಾಣಲೆಂದು ಕೂದಲು, ದಾರ ಕಟ್ಟಿದ ಕೊಕ್ಕೆ. ಇಲ್ಲಿಯವರೆಗೆ ನಾನು ಗಾಳ ಬೀಸಿದ್ದೆಲ್ಲ ಹಿಮಾಚಲದ ತೀರ್ಥನ್ ಹೊಳೆಯಲ್ಲಿ, ಬ್ರೌನ್ ಟ್ರೌಟ್ ಎಂಬ ತಣ್ಣೀರಿನ ಮೀನಿಗಾಗಿ. ಅಲ್ಲಿ ಎಸೆತಗಳು ಹೆಚ್ಚಾಗಿ ಹತ್ತು ಮೀಟರಿನೊಳಗೇ ಮುಗಿಯುತ್ತವೆ. ಗಾಳಿ ಜೋರಾದರೆ ಬಂಡೆಯ ಮರೆಗೆ ಸರಿದರಾಯಿತು. ಲಗೂನಿನಲ್ಲಿ, ಅಂದರೆ ಹವಳದ ದಿಬ್ಬದೊಳಗಿನ ಆಳವಿಲ್ಲದ ಕಡಲಿನಲ್ಲಿ, ಸರಿಯಲು ಮರೆಯೇ ಇಲ್ಲ.

ಎರಡಕ್ಕೂ ಇರುವ ಅಂತರ ಉಪ್ಪಿನದು ಎಂದುಕೊಂಡಿದ್ದವರು ಎರಡು ಸಂಜೆ ಓದಿದರೆ ಸಾಕು, ಅದು ಸಮಯದ್ದು ಎಂದು ತಿಳಿಯುತ್ತದೆ. ಟ್ರೌಟ್ ಒಂದೇ ಜಾಗದಲ್ಲಿ, ಪ್ರವಾಹಕ್ಕೆ ಮುಖ ಮಾಡಿ ನಿಂತಿರುತ್ತದೆ. ಊಟವನ್ನು ಹೊಳೆಯೇ ತಂದುಕೊಡುತ್ತದೆ. ಹಿಂದಿನಿಂದ ಹೋಗಿ ಕೂತು, ಟಿಪೆಟ್ (ಫ್ಲೈ ಕಟ್ಟುವ ತುದಿಯ ತೆಳು ಎಳೆ) ಬದಲಿಸಿ, ಫ್ಲೈ ಬದಲಿಸಿ, ಮತ್ತೆ ಎಸೆದರೂ ಮೀನು ಅಲ್ಲೇ ಇರುತ್ತದೆ. ಆಳವಿಲ್ಲದ ಕಡಲಿನಲ್ಲಿ ಮೀನು ಉಬ್ಬರದ ಜೊತೆ ಏಡಿ, ಸೀಗಡಿ ಹುಡುಕುತ್ತ ನಡೆದಾಡುತ್ತದೆ. ಕಂಡ ಮೀನಿನ ಮುಂದೆ ಕೆಲವೇ ಕ್ಷಣಗಳಲ್ಲಿ, ಹದಿನೈದು-ಇಪ್ಪತ್ತು ಮೀಟರ್ ದೂರಕ್ಕೆ, ಗಾಳಿಗೆ ಎದುರಾಗಿ ಫ್ಲೈ ಬೀಳಬೇಕು. ತಡವಾದರೆ ಆ ಮೀನಿನ ಲೆಕ್ಕ ಮುಗಿಯಿತು.

ಹಾಗಾಗಿ ಐದನೇ ತೂಕದ ಕೋಲನ್ನು ಅಟ್ಟಕ್ಕೆ ಹಾಕಿ ಎಂಟನೆಯದನ್ನು ತೆಗೆದುಕೊಂಡೆ. ಕೋಲಿನ ನಂಬರು ಅದು ಬೀಸುವ ಹುರಿಯ ತೂಕವನ್ನು ಹೇಳುತ್ತದೆ: ಐದರ ಹುರಿಯ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ, ಎಂಟರದ್ದು 13.6 ಗ್ರಾಂ. ಗಾಳಿಯನ್ನು ಸೀಳುವುದು ಈ ನಾಲ್ಕೂವರೆ ಗ್ರಾಂ. ಜೊತೆಗೆ ಡಬಲ್ ಹಾಲ್, ಅಂದರೆ ಹಿಂದಕ್ಕೂ ಮುಂದಕ್ಕೂ ಬೀಸುವಾಗ ಎಡಗೈ ಹುರಿಯನ್ನು ಚುರುಕಾಗಿ ಒಮ್ಮೊಮ್ಮೆ ಜಗ್ಗಬೇಕು. ಬೆಳಗ್ಗೆ ಆರಕ್ಕೆ, ಕ್ರಿಕೆಟ್ ಹುಡುಗರು ಬರುವ ಮೊದಲು, ಮನೆ ಹತ್ತಿರದ ಮೈದಾನದಲ್ಲಿ ಕೊಕ್ಕೆಯ ಬದಲು ಉಣ್ಣೆಯ ಎಳೆ ಕಟ್ಟಿ ಅಭ್ಯಾಸ. ವಾಕಿಂಗಿಗೆ ಬರುವ ಹಿರಿಯರೊಬ್ಬರು ದಿನವೂ ತಪ್ಪದೆ ಕೇಳುತ್ತಾರೆ: “ಏನು ಸಾರ್, ಹುಲ್ಲಿನಲ್ಲಿ ಇವತ್ತು ಎಷ್ಟು ಸಿಕ್ಕವು?”

ಶ್ರಾವಣ

ಅಕ್ಕನ ಮಗ ಶನಿವಾರಗಳಂದು ಗೈಡ್ ಆಗಿದ್ದಾನೆ. ಮೈದಾನದಲ್ಲಿ ಅಡಿಕೆ ಹಾಳೆಯ ತಟ್ಟೆಗಳನ್ನು ಅಲ್ಲಲ್ಲಿ ಹರಡಿ, ನನ್ನ ಹಿಂದೆ ನಿಂತು “ಮಾಮ, ಹತ್ತು ಗಂಟೆ, ಹದಿನೈದು ಮೀಟರ್!” ಎಂದು ಕೂಗುತ್ತಾನೆ. ದೋಣಿಯ ಮೂತಿ ಹನ್ನೆರಡು ಗಂಟೆ ಎಂದು ಹಿಡಿದು, ಮೀನು ಯಾವ ದಿಕ್ಕಿನಲ್ಲಿದೆ ಎಂದು ಹೇಳುವ ಕ್ರಮ ಇದು. ಗಾಳಿಯಲ್ಲಿ ಎರಡೇ ಬೀಸು, ಮೂರನೆಯದಕ್ಕೆ ಎಳೆ ತಟ್ಟೆಯ ಹತ್ತಿರ ಬೀಳಬೇಕು. ಹೊಳೆಯಲ್ಲಿ ಸುಮ್ಮನೆ ಐದಾರು ಸಲ ಬೀಸಿ ನೋಡುವ ಚಟವಿದ್ದವರಿಗೆ ಇದು ಕಷ್ಟ.

ಅದಕ್ಕಿಂತ ಕಷ್ಟ ಬಲಗೈಯನ್ನು ಸುಮ್ಮನಿರಿಸುವುದು. ಟ್ರೌಟ್ ಕಚ್ಚಿದಾಗ ಕೋಲನ್ನು ಮೇಲಕ್ಕೆತ್ತುತ್ತೇವೆ, 0.15 ಮಿ.ಮೀ. ದಪ್ಪದ ಟಿಪೆಟ್ ತುಂಡಾಗದಂತೆ ಕೋಲು ಬಾಗಿ ಕಾಯುತ್ತದೆ. ಉಪ್ಪುನೀರಿನಲ್ಲಿ ಅದನ್ನೇ ಮಾಡಿದರೆ ಫ್ಲೈ ಮೀನಿನ ಬಾಯಿಂದ, ಕಣ್ಣಿನಿಂದ ಎರಡರಿಂದಲೂ ದೂರ ಹಾರುತ್ತದೆ. ಕೋಲಿನ ತುದಿ ನೀರಿಗೇ ಚಾಚಿರಬೇಕು, ಎಡಗೈ ಹುರಿಯನ್ನು ಉದ್ದಕ್ಕೆ ಎಳೆಯಬೇಕು. ಕೊಕ್ಕೆ ನಾಟದಿದ್ದರೂ ಫ್ಲೈ ಅಲ್ಲೇ ಒಂದಡಿ ಜರುಗಿರುತ್ತದೆ. ಬೆನ್ನಟ್ಟಿ ಬಂದ ಮೀನು ಇನ್ನೊಮ್ಮೆ ಕಚ್ಚಬಹುದು.

ಇದಕ್ಕೆ ತಾರಸಿಯ ಮೇಲೆ ಒಂದು ಕಸರತ್ತು ಕಂಡುಕೊಂಡಿದ್ದೇವೆ. ಕೋಲಿನ ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿರುತ್ತದೆ. ಹುರಿಯ ಕೊನೆ ಹುಡುಗನ ಬೆರಳಿನಲ್ಲಿ. ನಾನು ಅಡಿ ಅಡಿಯಾಗಿ ಹುರಿ ಎಳೆದುಕೊಳ್ಳುವಾಗ ಅವನು ಮನಸ್ಸಿಗೆ ಬಂದ ಕ್ಷಣದಲ್ಲಿ ಜಗ್ಗುತ್ತಾನೆ. ತುದಿ ನೀರಿನಿಂದ ಹೊರಬಂದರೆ ಅವನಿಗೆ ಹತ್ತು ರೂಪಾಯಿ. ಮೊದಲ ವಾರಗಳಲ್ಲಿ ಅವನ ಆದಾಯ ಚೆನ್ನಾಗಿತ್ತು. ಈಗ ಮುಷ್ಕರದ ಮಾತಾಡುತ್ತಿದ್ದಾನೆ.

ಗಣೇಶನ ಹಬ್ಬದ ನಂತರ

ಫ್ಲೈ ಕಟ್ಟುವುದು ನನಗೆ ಮೀನು ಹಿಡಿಯುವಷ್ಟೇ ಇಷ್ಟ. 1970ರ ದಶಕದಲ್ಲಿ ಬಹಾಮಾಸಿನಲ್ಲಿ ಹುಟ್ಟಿದ, ಅಲ್ಲಿನ ಗೈಡ್ ಚಾರ್ಲಿ ಸ್ಮಿತ್ ಹೆಸರು ಹೊತ್ತ ಕ್ರೇಜಿ ಚಾರ್ಲಿ ಎಂಬ ಫ್ಲೈಯಿಂದ ಶುರು ಮಾಡಿದ್ದೇನೆ. ಅದರ ಕಣ್ಣು ಎಂದರೆ ಲೋಹದ ಎರಡು ಮಣಿ. ಕೀಚೈನಿಗೆ ಹಾಕುವ ಮಣಿಸರಪಳಿ ಚಿಕ್ಕಪೇಟೆಯ ಗಲ್ಲಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಎರಡು ಮಣಿಗಳನ್ನು ಜೋಡಿಯಾಗಿ ಕತ್ತರಿಸಿ, ಆರನೇ ನಂಬರಿನ ಸ್ಟೇನ್‌ಲೆಸ್ ಕೊಕ್ಕೆಯ ಮೂತಿಯ ಹತ್ತಿರ, ಬೆನ್ನಿನ ಮೇಲೆ ಅಡ್ಡಲಾಗಿಟ್ಟು ಎಂಟರ ಆಕಾರದಲ್ಲಿ ದಾರ ಸುತ್ತಬೇಕು. ಆ ಭಾರಕ್ಕೆ ನೀರಿನಲ್ಲಿ ಕೊಕ್ಕೆ ಮಗುಚಿ ಮೊನೆ ಮೇಲಾಗುತ್ತದೆ; ಹವಳಕ್ಕೆ, ಮರಳಿಗೆ ಸಿಕ್ಕಿಕೊಳ್ಳುವುದಿಲ್ಲ. ಆದ್ದರಿಂದ ರೆಕ್ಕೆಯ ಕೂದಲನ್ನೂ ಮೊನೆಯ ಬದಿಗೇ ಕಟ್ಟಬೇಕು. ಮೈಗೆ ಹೆಂಡತಿಯ ಹೊಲಿಗೆ ಡಬ್ಬಿಯ ಜರಿ ಎಳೆ, ಅದರ ಮೇಲೆ ಪಾರದರ್ಶಕ ನೈಲಾನ್ ಹುರಿಯ ಒತ್ತೊತ್ತಾದ ಸುತ್ತು. ದೀಪದ ಕೆಳಗೆ ಹಿಡಿದರೆ ಒಳಗಿನ ಬೆಳ್ಳಿ ಬಣ್ಣ ಸೀಗಡಿ ಮರಿಯ ಮೈಯಂತೆಯೇ ಹೊಳೆಯುತ್ತದೆ. ಟ್ರೌಟಿಗೆಂದು ಹದಿನಾರನೇ ನಂಬರಿನ ಕೊಕ್ಕೆಗೆ ಕಣ್ಣು ಕಿರಿದು ಮಾಡುತ್ತಿದ್ದವನಿಗೆ ಇದು ಆರಾಮದ ಕೆಲಸ.

ಉಬ್ಬರವಿಳಿತದ ಪಾಠಕ್ಕೆ ಅಡುಗೆಮನೆಯ ಕ್ಯಾಲೆಂಡರ್ ಸಾಕಾಯಿತು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಮಂಕು. ದಿನದಿಂದ ದಿನಕ್ಕೆ ಉಬ್ಬರ ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಏಕಾದಶಿ, ಸಂಕಷ್ಟಿಗೆಂದು ನೋಡುತ್ತಿದ್ದ ತಿಥಿಯನ್ನು ನಾನು ಗಾಳಕ್ಕೆ ನೋಡುವುದು ಅಮ್ಮನಿಗೆ ಅಷ್ಟೇನೂ ಹಿಡಿಸಿಲ್ಲ.

ದೀಪಾವಳಿಯ ನಂತರ, ಗಂಗೊಳ್ಳಿ

ಅಗತ್ತಿಗೆ ಮುಂಚೆ ಉಪ್ಪುನೀರಿನಲ್ಲಿ ಒಮ್ಮೆ ಕಾಲಿಡಲೇಬೇಕಿತ್ತು. ರಾತ್ರಿ ಬಸ್ಸಿನಲ್ಲಿ ಕುಂದಾಪುರಕ್ಕೆ ಹೋದೆ. ಪಂಚಗಂಗಾವಳಿ ಕಡಲು ಸೇರುವ ಅಳಿವೆಯ ಒಳಗೆ ಇಳಿತದಲ್ಲಿ ಮರಳು ದಿಬ್ಬಗಳು ತಲೆಯೆತ್ತುತ್ತವೆ. ಹವಳದ ತಿಳಿನೀರು ಇದಲ್ಲ, ಮೀನನ್ನು ಕಣ್ಣಿನಿಂದ ಕಂಡು ಎಸೆಯುವ ಸುಖವೂ ಕಡಿಮೆ. ಆದರೆ ಗಾಳಿ, ಉಪ್ಪು, ಸೆಕೆ ಮೂರೂ ಅಸಲಿ. ತಣ್ಣೀರಿಗೆಂದು ಮಾಡಿದ ಟ್ರೌಟ್ ಹುರಿ ಈ ಸೆಕೆಯಲ್ಲಿ ಮೆತ್ತಗಾಗಿ ಕೋಲಿನ ಬಳೆಗಳಿಗೆ ಅಂಟುತ್ತದೆ ಎಂಬುದನ್ನು ಪರೀಕ್ಷಿಸಲೆಂದೇ ಒಂದನ್ನು ಒಯ್ದಿದ್ದೆ; ಆ ಮಾತು ನಿಜ. ಬಿಸಿನೀರಿನ ಹುರಿಗೆ ಕೊಟ್ಟ ದುಡ್ಡು ದಂಡವಲ್ಲ.

ಮರಳಿನಲ್ಲಿ ಕಾಲೆತ್ತಿ ಇಡದೆ ಜಾರಿಸುತ್ತ ನಡೆದೆ. ಹುದುಗಿರುವ ತೊರಕೆ ಮೀನು ಮೊದಲೇ ಎದ್ದು ಹೋಗಲಿ ಎಂದು. ಬೀಸುಬಲೆಯ ಹಿರಿಯರೊಬ್ಬರು ನನ್ನ ಬೀಸಾಟವನ್ನು ಬಹಳ ಹೊತ್ತು ನೋಡಿ, ನೀರು ಒಳಗೆ ತಿರುಗುವವರೆಗೆ ಕೂರಿ, ಆಮೇಲೆ ದಿಬ್ಬದ ಅಂಚಿನಲ್ಲಿ ಎಸೆಯಿರಿ ಎಂದರು. ಹಾಗೇ ಆಯಿತು. ನೀರು ತಿರುಗಿದ ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಸಣ್ಣ ಮೀನುಗಳು ಚಿಲ್ಲನೆ ಹಾರಿದವು, ಎಡಗೈಗೆ ಜಗ್ಗಿದಂತಾಯಿತು, ಬಲಗೈ ಮೇಲೇಳಲಿಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಟ್ರೆವಲಿ ಎಂಬ ಕಡಲ ಮೀನು. ಈ ಗಾತ್ರದ ಟ್ರೌಟ್ ಎಂದೂ ರೀಲಿನಿಂದ ಹುರಿ ಎಳೆದುಕೊಂಡು ಹೋಗಿದ್ದಿಲ್ಲ. ಬಾಲದ ಬುಡದ ಎರಡೂ ಪಕ್ಕ ಸಾಲಾಗಿ ಚೂಪಾದ ಗಟ್ಟಿ ಹುರುಪೆಗಳಿದ್ದವು, ಅಲ್ಲಿ ಒತ್ತಿ ಹಿಡಿದರೆ ಕೈ ಕುಯ್ಯುತ್ತದೆ. ಹೊಟ್ಟೆಯ ಕೆಳಗೆ ಆನಿಸಿ ಕೊಕ್ಕೆ ಬಿಡಿಸಿ ಬಿಟ್ಟೆ. ಬೀಸುಬಲೆಯವರಿಗೆ ಬಿಟ್ಟದ್ದು ಮಾತ್ರ ಅರ್ಥವಾಗಲಿಲ್ಲ.

ಮನೆಗೆ ಬಂದು ರೀಲು ತೊಳೆಯುವುದೂ ಒಂದು ವಿದ್ಯೆ. ನಮ್ಮ ಬೋರ್‌ವೆಲ್ ನೀರು ಆರಿದ ಮೇಲೆ ಉಪ್ಪಿನ ಬದಲು ಸುಣ್ಣದ ಬಿಳಿ ಕಲೆ ಉಳಿಸುತ್ತದೆ. ಕಾವೇರಿ ನೀರು ಬರುವ ದಿನ ಒಂದು ಬಕೆಟ್ ಎತ್ತಿಟ್ಟು, ರೀಲಿನ ಬ್ರೇಕ್ ಸಡಿಲಿಸಿ ಅದರಲ್ಲಿ ಜಾಲಾಡಿಸಿ, ನೆರಳಿನಲ್ಲಿ ಒಣಗಿಸುತ್ತೇನೆ. ಮುಳುಗಿಸಿಡುವುದಿಲ್ಲ.

ಬಾಕಿ ಇರುವುದು

ಲಕ್ಷದ್ವೀಪದ ಪ್ರವೇಶ ಪರವಾನಗಿಗೆ ಅರ್ಜಿ, ಕೊಚ್ಚಿ ಮೂಲಕ ವಿಮಾನ. ಟ್ರಿಗರ್ ಮೀನಿಗೆ ಗಟ್ಟಿ ಕೊಕ್ಕೆಯ ಏಡಿ ಫ್ಲೈಗಳು. ಅದರ ಹಲ್ಲು ತೆಳು ಕೊಕ್ಕೆಯನ್ನು ಜಜ್ಜಿಬಿಡುತ್ತದೆ. ತಾಮ್ರದ ಬಣ್ಣದ ಪೋಲರೈಸ್ಡ್ ಕನ್ನಡಕ ಬಂದಿದೆ. ದಿನಾಂಕ ಇನ್ನೂ ಗೊತ್ತಾಗಿಲ್ಲ: ಬೆಳಗ್ಗೆ ಒಂಬತ್ತರ ಸುಮಾರಿಗೆ ಇಳಿತ ಮುಗಿದು, ಬಿಸಿಲು ನೆತ್ತಿಗೇರುವವರೆಗೆ ನೀರು ಏರುವಂಥ ವಾರ ಬೇಕು. ಫೆಬ್ರವರಿಯಲ್ಲಿ ಅಂಥದ್ದೊಂದು ಕಾಣುತ್ತಿದೆ, ಆದರೆ ಅದು ಗೈಡ್ ಸಾಹೇಬರ ಪರೀಕ್ಷೆಯ ವಾರ. ಅವನನ್ನು ಬಿಟ್ಟು ಹೋಗುವ ವಿಷಯವನ್ನು ಅಕ್ಕನ ಮೂಲಕವೇ ಹೇಳಿಸಬೇಕು.